ಮೊದಲ ವರ್ಷ ಮಗುವಿಗೆ ಏನು ಕುಡಿಸಬೇಕು, ಏನು ಬೇಡ

ಮನೆಗೆ ಮಗು ಬಂದ ಮೇಲೆ ಸಲಹೆಗೆ ಬರವಿಲ್ಲ. ಒಬ್ಬರು ಸ್ವಲ್ಪ ನೀರು ಕುಡಿಸಿ ಅನ್ನುತ್ತಾರೆ, ಇನ್ನೊಬ್ಬರು ಜೇನು ನೆಕ್ಕಿಸಿ ಅನ್ನುತ್ತಾರೆ, ಮತ್ತೊಬ್ಬರು ಹಸುವಿನ ಹಾಲು ಕೊಟ್ಟರೆ ಮೈ ತುಂಬುತ್ತದೆ ಅನ್ನುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳುವುದು, ಅನುಮಾನವಿಲ್ಲ. ಆದರೆ ಎಳೆ ಮಗುವಿನ ಹೊಟ್ಟೆ ಅದರ ಮುಷ್ಟಿಗಿಂತ ದೊಡ್ಡದಲ್ಲ. ಅಷ್ಟು ಪುಟ್ಟ ಜಾಗಕ್ಕೆ ಬೇರೆ ಏನು ಹೋದರೂ ಅಷ್ಟು ಹಾಲು ತಪ್ಪಿತು ಅಂತಲೇ ಲೆಕ್ಕ. ಮಕ್ಕಳು ಮೊಮ್ಮಕ್ಕಳನ್ನು ಸಾಕುತ್ತಾ ನಾನು ಕಲಿತದ್ದು, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡದ್ದು ಎಲ್ಲವೂ ಕೊನೆಗೆ ಈ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಏನನ್ನೇ ಆಗಲಿ, ಮಗುವಿನ ಬಾಯಿಗೆ ಇಡುವ ಮೊದಲು ಇದು ಹಾಲಿನ ಜಾಗ ಕಿತ್ತುಕೊಳ್ಳುತ್ತದೆಯೇ ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಮೊದಲ ಆರು ತಿಂಗಳು ಎದೆಹಾಲು ಒಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿಕೊಳ್ಳಿ. ಮೊದಮೊದಲು ಬರುವ ಹಾಲು ಹಳದಿಯಾಗಿ, ಗಟ್ಟಿಯಾಗಿ, ಕೆಲವೇ ಚಮಚೆಗಳಷ್ಟು ಇರುತ್ತದೆ. ಇದನ್ನು ಕಂಡು ಹಾಲೇ ಬರುತ್ತಿಲ್ಲ ಅಂತ ಹೆದರುವ ತಾಯಂದಿರು ಬಹಳ. ಹೆದರಬೇಡಿ, ಅಷ್ಟೇ ಸಾಕು. ರೋಗ ತಡೆಯುವ ಶಕ್ತಿ ತುಂಬಿರುವ ಹಾಲು ಅದು, ಹಿಂಡಿ ಚೆಲ್ಲಲೇಬಾರದು.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಅನ್ನುವ ಚಿಂತೆ ಎಲ್ಲ ಮನೆಯಲ್ಲೂ ಇರುತ್ತದೆ. ಅಳು ನೋಡಿ ಅಳೆಯಬೇಡಿ, ಮಗು ನೂರು ಕಾರಣಕ್ಕೆ ಅಳುತ್ತದೆ. ಒದ್ದೆ ಬಟ್ಟೆ ನೋಡಿ. ಐದನೇ ದಿನದಿಂದ ಆಚೆಗೆ ದಿನಕ್ಕೆ ಆರು ಸಲವಾದರೂ ಮೂತ್ರ ಆಗುತ್ತಿದ್ದರೆ, ಅದರ ಬಣ್ಣ ತಿಳಿಯಾಗಿದ್ದರೆ, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ಸು ಬಂದಿದ್ದರೆ ಹಾಲು ಸಾಕಾಗುತ್ತಿದೆ. ಎಳೆ ಮಗು ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ಸಹಜ. ಕೈಯನ್ನು ಬಾಯಿಗೆ ಹಾಕಿಕೊಳ್ಳುವುದು, ತಲೆ ಅತ್ತಿತ್ತ ತಿರುಗಿಸಿ ಬಾಯಿ ತೆರೆಯುವುದು, ಇವು ಹಸಿವಿನ ಗುರುತು. ಅಳುವವರೆಗೆ ಕಾಯಬೇಡಿ. ಅತ್ತು ಸುಸ್ತಾದ ಮಗು ಸರಿಯಾಗಿ ಚೀಪುವುದಿಲ್ಲ. ಇನ್ನು, ಎದೆಹಾಲಿನಲ್ಲಿ ವಿಟಮಿನ್ ಡಿ ಕಡಿಮೆ. ಹಾಗಾಗಿ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ಲೆಕ್ಕದಲ್ಲಿ ಹನಿ ಹಾಕಲು ಮಕ್ಕಳ ಡಾಕ್ಟರು ಹೇಳುತ್ತಾರೆ. ಆ ಹನಿಯನ್ನು ಮರೆಯಬೇಡಿ.

ಈಗ ನೀರಿನ ವಿಷಯ. ಹೆಚ್ಚು ಜಗಳ ಆಗುವುದೇ ಇದರ ಮೇಲೆ. ಬೇಸಿಗೆ ಬಂತು, ಮಗುವಿನ ಗಂಟಲು ಒಣಗುತ್ತದೆ, ಎರಡು ಚಮಚ ನೀರು ಹಾಕಿದರೆ ಏನಾಗುತ್ತದೆ ಅನ್ನುತ್ತಾರೆ ಹಿರಿಯರು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ. ಎಷ್ಟೇ ಸೆಕೆ ಇರಲಿ, ಮಗುವಿನ ಬಾಯಾರಿಕೆಗೂ ಅದೇ ಸಾಕು. ಸೆಕೆ ಜಾಸ್ತಿ ಇದ್ದರೆ ಮಗು ಇನ್ನೆರಡು ಸಲ ಹೆಚ್ಚು ಹಾಲು ಕೇಳುತ್ತದೆ, ಕೊಡಿ ಅಷ್ಟೇ. ಬೇರೆ ನೀರು ಕೊಟ್ಟರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ಮಗು ಕಡಿಮೆ ಚೀಪಿದರೆ ತಾಯಿಗೆ ಹಾಲು ಬರುವುದೂ ಕಡಿಮೆಯಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಳೆ ಮಗುವಿನ ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ಜಾಸ್ತಿ ನೀರು ಹೋದರೆ ಹೊರಗೆ ಹಾಕಲು ಅವಕ್ಕೆ ಆಗುವುದಿಲ್ಲ. ರಕ್ತದಲ್ಲಿ ಸೋಡಿಯಂ ಇಳಿದು, ಮಗು ಮಂಕಾಗಿ, ಫಿಟ್ಸ್ ಕೂಡ ಬರಬಹುದು. ಬಿಕ್ಕಳಿಕೆ ಬಂದಾಗಲೂ ನೀರು ಬೇಡ. ಸ್ವಲ್ಪ ಹೊತ್ತು ಎದೆಗೆ ಹಾಕಿಕೊಳ್ಳಿ, ಇಲ್ಲವೇ ಸುಮ್ನೆ ಬಿಡಿ, ತಾನಾಗಿಯೇ ನಿಲ್ಲುತ್ತದೆ.

ಹೊಟ್ಟೆನೋವಿಗೆ ಅಂತ ಕೊಡುವ ಗ್ರೈಪ್ ವಾಟರ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಅದನ್ನು 1851ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬವರು ತಯಾರಿಸಿದರು. ಆಗಿನ ಕಾಲದ ಗ್ರೈಪ್ ವಾಟರ್‌ನಲ್ಲಿ ಮದ್ಯಸಾರವೂ ಇತ್ತು, ಸಕ್ಕರೆಯೂ ಇತ್ತು. ಈಗ ಮದ್ಯಸಾರವನ್ನು ತೆಗೆದಿದ್ದಾರೆ ಅಂದರೂ ಎಳೆ ಮಗುವಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಹಾಲು ಕುಡಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಸಂಜೆ ಹೊತ್ತು ಅಳುವ ಮಗುವನ್ನು ಎತ್ತಿಕೊಂಡು ಓಡಾಡಿ. ಅಳು ನಿಲ್ಲದೆ ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಿ.

ಕೆಲಸಕ್ಕೆ ಹೋಗುವ ತಾಯಂದಿರು ಹಾಲು ತೆಗೆದಿಟ್ಟು ಹೋಗಬಹುದು. ತೆಗೆದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಕೋಣೆ ಸೆಕೆಯಾಗಿದ್ದರೆ ಹೊರಗೆ ಇಡಲೇಬೇಡಿ. ಬಾಟಲಿಯ ಮೇಲೆ ತಾರೀಖು, ಹೊತ್ತು ಬರೆದಿಡಿ. ಬಿಸಿ ನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡವೇ ಬೇಡ. ಹೊರಗೆ ಮುಟ್ಟಿದರೆ ಬೆಚ್ಚಗಿರುತ್ತದೆ, ಒಳಗೆ ಅಲ್ಲಲ್ಲಿ ಕುದಿಯುವಷ್ಟು ಬಿಸಿ ಇದ್ದು ಬಾಯಿ ಸುಡುತ್ತದೆ.

ಯಾವುದೋ ಕಾರಣಕ್ಕೆ ಎದೆಹಾಲು ಕೊಡಲು ಆಗಲಿಲ್ಲ ಅಂದುಕೊಳ್ಳಿ. ಅದಕ್ಕೆ ತಾಯಿಯನ್ನು ಯಾರೂ ನೋಯಿಸಬಾರದು. ಫಾರ್ಮುಲಾ ಹಾಲು ಇದೆ, ಅದರಲ್ಲೂ ಮಕ್ಕಳು ಚೆನ್ನಾಗಿ ಬೆಳೆಯುತ್ತವೆ. ಆದರೆ ಅದನ್ನು ಕಲಸುವುದರಲ್ಲಿ ಅಂದಾಜು ನಡೆಯುವುದಿಲ್ಲ. ಪುಡಿ ಬೇಗ ಮುಗಿಯಬಾರದು ಅಂತ ನೀರು ಜಾಸ್ತಿ ಹಾಕಿದರೆ, ಮಗು ಹೊಟ್ಟೆ ತುಂಬ ಕುಡಿದೂ ಸೊರಗುತ್ತದೆ. ಮೇಲೆ ಹೇಳಿದ ಸೋಡಿಯಂ ಇಳಿಯುವ ಅಪಾಯವೂ ಇದೆ. ಮಗು ದಪ್ಪಗಾಗಲಿ ಅಂತ ಪುಡಿ ಜಾಸ್ತಿ ಹಾಕಿದರೆ ಮಲಬದ್ಧತೆ ಬರುತ್ತದೆ, ಮೂತ್ರಪಿಂಡಕ್ಕೆ ಭಾರ ಬೀಳುತ್ತದೆ. ಡಬ್ಬಿಯೊಳಗೆ ಕೊಟ್ಟಿರುವ ಚಮಚೆಯನ್ನೇ ಬಳಸಿ. ತುಂಬಿಸಿ, ಮೇಲೆ ಚಪ್ಪಟೆಯಾಗಿ ಸವರಿ, ಒತ್ತಬೇಡಿ. ಮೊದಲು ನೀರು ಅಳೆದು ಬಾಟಲಿಗೆ ಹಾಕಿ, ಆಮೇಲೆ ಪುಡಿ. ಎಷ್ಟು ನೀರಿಗೆ ಎಷ್ಟು ಚಮಚ ಅನ್ನುವುದು ಡಬ್ಬಿಯಿಂದ ಡಬ್ಬಿಗೆ ಬೇರೆ ಇರುತ್ತದೆ. ಬ್ರಾಂಡ್ ಬದಲಿಸಿದಾಗಲೆಲ್ಲ ಮತ್ತೆ ಓದಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಹಾಲಿನ ಪುಡಿ ಪೂರ್ತಿ ಕ್ರಿಮಿ ಇಲ್ಲದ್ದಲ್ಲ. ಕ್ರೋನೋಬ್ಯಾಕ್ಟರ್ ಎಂಬ ಕ್ರಿಮಿ ಅದರಲ್ಲಿ ಅಪರೂಪಕ್ಕೆ ಇರಬಹುದು, ಎಳೆ ಮಗುವಿಗೆ ಅದು ತಗುಲಿದರೆ ಜೀವಕ್ಕೇ ಕುತ್ತು. ಅದಕ್ಕೇ ನೀರನ್ನು ಚೆನ್ನಾಗಿ ಕುದಿಸಿ, ಅರ್ಧ ಗಂಟೆಯೊಳಗೆ, ಅಂದರೆ ನೀರು ಇನ್ನೂ 70 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರುವಾಗಲೇ ಪುಡಿ ಬೆರೆಸಬೇಕು. ಆಮೇಲೆ ಮುಚ್ಚಿದ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಹಾಕಿ ನೋಡಿ. ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ತಿಂಗಳು ತುಂಬದೆ ಹುಟ್ಟಿದ ಮಗು, ಎರಡು ತಿಂಗಳಿಗಿಂತ ಚಿಕ್ಕ ಮಗು ಇದ್ದರೆ ಈ ಎಚ್ಚರ ಇನ್ನೂ ಮುಖ್ಯ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಿ. ಮಗು ಬಾಯಿ ಇಟ್ಟು ಬಿಟ್ಟ ಹಾಲನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ, ಚೆಲ್ಲಿಬಿಡಿ. ಹಾಲು ಚೆಲ್ಲಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಚೆಲ್ಲಿ. ಬಾಟಲಿ, ನಿಪ್ಪಲ್ ಎಲ್ಲ ಬಿಡಿಸಿ, ಬ್ರಷ್‌ನಿಂದ ತೊಳೆದು, ನೀರಿನಲ್ಲಿ ಮುಳುಗಿಸಿ ಐದು ನಿಮಿಷ ಕುದಿಸಿ.

ಬಾವಿ ಅಥವಾ ಬೋರ್‌ವೆಲ್ ನೀರು ಬಳಸುವವರು ಒಮ್ಮೆ ಅದರ ನೈಟ್ರೇಟ್ ಪರೀಕ್ಷೆ ಮಾಡಿಸಿ. ಗೊಬ್ಬರ, ಚರಂಡಿಯಿಂದ ನೀರಿಗೆ ಇಳಿಯುವ ನೈಟ್ರೇಟ್ ಎಳೆ ಮಗುವಿನ ರಕ್ತಕ್ಕೆ ಆಮ್ಲಜನಕ ಹೊರಲು ಬಿಡುವುದಿಲ್ಲ, ಮೈ ನೀಲಿಯಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ.

ಆರು ತಿಂಗಳು ತುಂಬಿ ಮಗು ಮೆತ್ತಗಿನ ಊಟ ಶುರು ಮಾಡಿದಾಗ ನೀರಿಗೂ ಜಾಗ ಸಿಗುತ್ತದೆ. ಕುದಿಸಿ ಆರಿಸಿದ ನೀರು, ಊಟದ ಜೊತೆ ಒಂದೆರಡು ಗುಟುಕು. ಇಡೀ ದಿನಕ್ಕೆ ಸೇರಿಸಿ 120ರಿಂದ 240 ಮಿಲಿಲೀಟರ್ ಮೀರದಿದ್ದರೆ ಒಳ್ಳೆಯದು. ಊಟಕ್ಕೆ ಮೊದಲು ನೀರು ಕುಡಿಸಿದರೆ ಊಟ ಸೇರುವುದಿಲ್ಲ. ಮುಖ್ಯ ಪಾನೀಯ ಇನ್ನೂ ಎದೆಹಾಲು ಅಥವಾ ಫಾರ್ಮುಲಾ ಹಾಲೇ. ಇದೇ ಹೊತ್ತಿಗೆ ಪುಟ್ಟ ಲೋಟ ಅಭ್ಯಾಸ ಮಾಡಿಸಿ. ಅರ್ಧ ಚೆಲ್ಲುತ್ತದೆ, ಎದೆ ಮೇಲೆಲ್ಲ ಸುರಿದುಕೊಳ್ಳುತ್ತದೆ, ಸುರಿದುಕೊಳ್ಳಲಿ ಬಿಡಿ. ತಳದಲ್ಲಿ ಸ್ವಲ್ಪವೇ ನೀರು ಹಾಕಿ, ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿ, ಮಗುವೇ ಹೀರಲಿ. ನೀವು ಬಾಯಿಗೆ ಸುರಿಯಬೇಡಿ. ಈಗ ಲೋಟ ಕಲಿತ ಮಗುವಿಗೆ ಮುಂದೆ ಬಾಟಲಿ ಬಿಡಿಸುವುದು ಎಷ್ಟು ಸುಲಭ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಸುವಿನ ಹಾಲನ್ನು ಕುಡಿಯುವ ಹಾಲಾಗಿ ವರ್ಷ ತುಂಬುವವರೆಗೆ ಕೊಡಬೇಡಿ ಅಂತಲೇ ಹೆಚ್ಚಿನ ಮಕ್ಕಳ ಡಾಕ್ಟರುಗಳು ಹೇಳುವುದು. ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಬೇರೆ ಆಹಾರದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆಯೂ ಅದು ಮಾಡುತ್ತದೆ. ಕೆಲವು ಮಕ್ಕಳಿಗೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ. ಹೀಗೆ ಮಗು ನೋಡಲು ಗುಂಡಗಿದ್ದರೂ ಒಳಗೇ ರಕ್ತಹೀನತೆ ಬೆಳೆಯುತ್ತದೆ. ಅದರ ಪ್ರೋಟೀನು, ಉಪ್ಪಿನಂಶ ಎಳೆಯ ಮೂತ್ರಪಿಂಡಕ್ಕೆ ಜಾಸ್ತಿಯೇ. ನೀರು ಬೆರೆಸಿದರೆ ಸರಿ ಹೋಗುತ್ತದೆ ಅನ್ನುವುದೂ ಸುಳ್ಳು, ಇದ್ದ ಪೋಷಣೆಯೂ ತೆಳುವಾಗುತ್ತದೆ, ಕಬ್ಬಿಣವೇನು ಬರುವುದಿಲ್ಲ. ಆಡಿನ ಹಾಲು ಹಗುರ ಅಂತ ಕೆಲವರು ಕೊಡುತ್ತಾರೆ, ಅದರಲ್ಲಿ ರಕ್ತ ಆಗಲು ಬೇಕಾದ ಫೋಲೇಟ್ ಎಂಬ ವಿಟಮಿನ್ ಕಡಿಮೆ, ಅದೂ ರಕ್ತಹೀನತೆಗೆ ದಾರಿ. ಬಾದಾಮಿ, ಓಟ್ಸ್, ಅಕ್ಕಿಯ ಹಾಲು ಅಂತ ಮಾರುವ ಪ್ಯಾಕೆಟ್‌ಗಳು ಮಗುವಿನ ಹಾಲಿಗೆ ಸಮ ಅಲ್ಲವೇ ಅಲ್ಲ. ಆರು ತಿಂಗಳ ಮೇಲೆ ಊಟಕ್ಕೆ ಬೆರೆಸುವ ಸ್ವಲ್ಪ ಹಾಲು, ಮೊಸರು ಬೇರೆ ಮಾತು, ಅದಕ್ಕೆ ಅಡ್ಡಿಯಿಲ್ಲ. ವರ್ಷ ತುಂಬಿದ ಮೇಲೆ ಕೆನೆ ತೆಗೆಯದ ಹಾಲನ್ನು ಲೋಟದಲ್ಲಿ ಕೊಡಿ. ಆಗಲೂ ದಿನಕ್ಕೆ ಅರ್ಧ ಲೀಟರ್ ಸಾಕು. ಅದಕ್ಕಿಂತ ಹೆಚ್ಚು ಕುಡಿದ ಮಗು ಊಟದ ಕಡೆ ತಿರುಗಿಯೂ ನೋಡುವುದಿಲ್ಲ.

ಜೇನಿನ ಬಗ್ಗೆ ನಾನು ಸ್ವಲ್ಪವೂ ಬಗ್ಗುವುದಿಲ್ಲ. ವರ್ಷ ತುಂಬುವ ಮೊದಲು ನೀರಿಗೆ ಬೆರೆಸಿಯೂ ಬೇಡ, ಬೆರಳಿಗೆ ಹಚ್ಚಿ ನೆಕ್ಕಿಸುವುದೂ ಬೇಡ, ನಿಪ್ಪಲ್‌ಗೆ ಸವರುವುದೂ ಬೇಡ. ಅದರಲ್ಲಿ ಬೊಟುಲಿಸಂ ತರುವ ಕ್ರಿಮಿಯ ಬೀಜಕಗಳು ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಲು ಬಿಡುವುದಿಲ್ಲ. ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಮಾಡುತ್ತವೆ. ಮಲ ಕಟ್ಟುತ್ತದೆ, ಕತ್ತು ಜೋತುಬೀಳುತ್ತದೆ, ಅಳು ಕ್ಷೀಣವಾಗುತ್ತದೆ, ಉಸಿರಾಟಕ್ಕೇ ತೊಂದರೆ ಬರುತ್ತದೆ. ಮನೆಯಲ್ಲಿ ಕುದಿಸಿದರೆ ಆ ಬೀಜಕಗಳು ಸಾಯುವುದಿಲ್ಲ. ಶುದ್ಧ ಜೇನು, ಕಾಡಿನ ಜೇನು ಅಂದರೂ ವ್ಯತ್ಯಾಸ ಇಲ್ಲ.

ಹಣ್ಣಿನ ರಸವೂ ಮೊದಲ ವರ್ಷ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಹಣ್ಣನ್ನೇ ಮೆತ್ತಗೆ ಕಿವುಚಿ ಕೊಡಿ, ನಾರೂ ಹೊಟ್ಟೆಗೆ ಸೇರುತ್ತದೆ, ಜಗಿಯುವುದೂ ಕಲಿಯುತ್ತದೆ. ಟೀ, ಕಾಫಿ, ಸಕ್ಕರೆ ನೀರು, ಬಾಟಲಿ ಪಾನೀಯ ಇವುಗಳ ಹತ್ತಿರವೂ ಸುಳಿಯಬೇಡಿ. ಟೀ ಕುಡಿದರೆ ಊಟದ ಕಬ್ಬಿಣ ಮೈಗೆ ಹತ್ತುವುದಿಲ್ಲ.

ಬಾಟಲಿಯನ್ನು ದಿಂಬಿಗೆ ಒರಗಿಸಿಟ್ಟು ಮಗು ಒಂದೇ ಕುಡಿಯಲು ಬಿಡಬೇಡಿ, ಗಂಟಲಿಗೆ ಸಿಕ್ಕೀತು. ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸವೂ ಬೇಡ. ಹಲ್ಲು ಮೂಡಿದ ಮೇಲೆ ರಾತ್ರಿಯಿಡೀ ಹಾಲು ನಿಂತರೆ ಮುಂದಿನ ಹಲ್ಲುಗಳು ಹುಳುಕಾಗುತ್ತವೆ. ಮಗು ಸಾಕು ಅಂತ ಮುಖ ತಿರುಗಿಸಿದರೆ ನಿಲ್ಲಿಸಿ. ಬಾಟಲಿಯಲ್ಲಿ ಉಳಿದದ್ದನ್ನು ಮುಗಿಸಲೇಬೇಕು ಅಂತ ಒತ್ತಾಯ ಮಾಡಬೇಡಿ.

ಕೊನೆಗೆ ಭೇದಿ, ವಾಂತಿ ಬಂದಾಗಿನ ಮಾತು. ಆಗ ಹಾಲು ನಿಲ್ಲಿಸುವವರಿದ್ದಾರೆ, ಹಾಗೆ ಮಾಡಬೇಡಿ. ಎದೆಹಾಲನ್ನು ಮೊದಲಿಗಿಂತ ಹೆಚ್ಚು ಸಲ ಕೊಡಿ. ಜೊತೆಗೆ ಓಆರ್‌ಎಸ್, ಅಂದರೆ ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ಬೇಕು. ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ, ಸಕ್ಕರೆ ಸೇರಿಸಬೇಡಿ, 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಪ್ರತಿ ಸಲ ನೀರಾಗಿ ಭೇದಿ ಆದಾಗ 50ರಿಂದ 100 ಮಿಲಿಲೀಟರ್, ಚಮಚದಲ್ಲಿ ನಿಧಾನವಾಗಿ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿ. ಅಂಗಡಿಯಲ್ಲಿ ಓಆರ್‌ಎಸ್ ಥರ ಕಾಣುವ ಸಿಹಿ ಪಾನೀಯಗಳೂ ಇರುತ್ತವೆ, ಸಕ್ಕರೆ ಜಾಸ್ತಿಯಾಗಿ ಭೇದಿ ಹೆಚ್ಚುತ್ತದೆ, ಲೇಬಲ್ ಓದಿ ತನ್ನಿ. ಆರು ತಿಂಗಳ ಒಳಗಿನ ಮಗುವಾದರೆ ಓಆರ್‌ಎಸ್ ಕೂಡ ಡಾಕ್ಟರನ್ನು ಕೇಳಿಯೇ ಕೊಡಿ. ನೆತ್ತಿ ಕುಳಿ ಬಿದ್ದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಆರು ಗಂಟೆ ಕಳೆದರೂ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಹಾಲನ್ನೇ ಮುಟ್ಟದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಎದೆಹಾಲು ಕೊಡುತ್ತಲೇ ಇರಿ.