ಹಾಲಿನ ಪ್ಯಾಕೆಟ್, ಬಸ್ಸಿನ ಬೋರ್ಡು, ಮಗುವಿನ ಮೊದಲ ಓದು

ನನ್ನ ಮೊಮ್ಮಗಳಿಗೆ ನಾಲ್ಕೂವರೆ ವರ್ಷ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಳಗೆ ತರುವ ಕೆಲಸ ಅವಳದೇ. ಒಂದು ದಿನ ಪ್ಯಾಕೆಟ್ ಎತ್ತಿ ಹಿಡಿದು, "ಅಜ್ಜಿ, ಇಲ್ಲಿ ನಂದಿನಿ ಅಂತ ಬರೆದಿದೆ" ಅಂದಳು. ಮನೆಯವರಿಗೆಲ್ಲ ಖುಷಿಯೋ ಖುಷಿ. ನಾನು ಸ್ಲೇಟು ತಂದು ಬಳಪದಲ್ಲಿ ಅದೇ ಮೂರು ಅಕ್ಷರ ಬರೆದೆ. "ಇದೇನು ಹೇಳು ಪುಟ್ಟಿ?" ಸುಮ್ನೆ ನೋಡುತ್ತಾ ನಿಂತಳು. ಗೊತ್ತಾಗಲಿಲ್ಲ.

ಅವಳು ಗುರುತು ಹಿಡಿದಿದ್ದು ಪ್ಯಾಕೆಟ್ಟಿನ ಬಣ್ಣ, ಅದರ ಮೇಲಿನ ಚಿತ್ರ. ಅಕ್ಷರದ ಕಡೆ ಕಣ್ಣು ಇನ್ನೂ ಹೋಗಿರಲಿಲ್ಲ. ಇದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ. ಬರೆದಿರುವುದಕ್ಕೆ ಒಂದು ಅರ್ಥ ಇದೆ ಅಂತ ಮಗುವಿಗೆ ತಿಳಿದಿದೆಯಲ್ಲ, ಅದೇ ಶುರು. ಅಕ್ಷರವನ್ನು ಪ್ಯಾಕೆಟ್ಟಿನಿಂದ ಬಿಡಿಸಿ ಕೊಡುವ ಕೆಲಸ ನಮ್ಮದು.

ನಾನು ಮಾಡಿದ್ದು ಹೀಗೆ. ಖಾಲಿ ಪ್ಯಾಕೆಟ್ ತೊಳೆದು ಒಣಗಿಸಿ, ಹೆಸರಿರುವ ತುಂಡನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಎರಡು ದಿನ ಬಿಟ್ಟು ಅದರ ಕೆಳಗೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಅದೇ ಹೆಸರನ್ನು ದಪ್ಪಗೆ ಬರೆದೆ. ಬೆರಳಿಟ್ಟು ನಂ, ದಿ, ನಿ ಅಂತ ಬಿಡಿಬಿಡಿಯಾಗಿ ಓದಿದೆವು. ಆಮೇಲೆ ಮೇಲಿನ ತುಂಡನ್ನು ಕೈಯಿಂದ ಮುಚ್ಚಿ ಕೇಳಿದೆ. ಒಂದು ವಾರ ಹಿಡಿಯಿತು. ಒಂದು ಸಂಜೆ ಅವಳೇ ದಿ ಮತ್ತು ನಿ ಮೇಲೆ ಬೆರಳಿಟ್ಟು, "ಎರಡಕ್ಕೂ ಒಂದೇ ಟೋಪಿ ಅಜ್ಜಿ" ಅಂದಳು. ಅದು ಗುಡಿಸು, ಇಕಾರದ ಗುರುತು. ಹೆಸರು ಆಗಲೇ ಹೇಳಿಕೊಡಬೇಕಾಗಿಲ್ಲ. ಟೋಪಿ ಅಂತಲೇ ಇರಲಿ.

ನಾನು ನಲಿ-ಕಲಿ ತರಗತಿ ನಡೆಸಿದವಳು. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸಲು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಅ, ಆ, ಇ, ಈ ಸಾಲಿನಿಂದ ಹೊರಡುವುದಿಲ್ಲ. ರ, ಗ, ಸ, ದ, ಅ ಮೊದಲು. ಈ ಐದು ಬಂದರೆ ಸರ, ಅರಸ, ಗರಗಸ ಓದಬಹುದು. ನಮ್ಮ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಇವೇ ಅಕ್ಷರ ಕಣ್ಣೆದುರು ನಿಂತಿರುತ್ತವೆ. ಸಾಗರ, ಸೊರಬ, ಹೊಸನಗರ. ಮೂರರಲ್ಲೂ ಸ ಇದೆ. ಒಂದರಲ್ಲಿ ಇಳಿ ಹಾಕಿಕೊಂಡು, ಇನ್ನೊಂದರಲ್ಲಿ ಒತ್ವದ ಜೊತೆ, ಮತ್ತೊಂದರಲ್ಲಿ ಬರೀ ತಲಕಟ್ಟಿನ ಸ. ಕಾಗುಣಿತವನ್ನು ಸಾಲಾಗಿ ಬಾಯಿಪಾಠ ಮಾಡಿಸುವ ಮೊದಲು ಈ ಮೂರು ಬಸ್ಸು ತೋರಿಸಿ. "ಸ ಎಲ್ಲಿ ಕೂತಿದೆ ಹುಡುಕು" ಅನ್ನಿ. ಹೊಸನಗರ, ಸಾಗರ ಎರಡರ ಕೊನೆಯಲ್ಲೂ ಗರ ಇರುವುದನ್ನು ನಮ್ಮ ಪುಟ್ಟಿ ಮೂರನೇ ಸಲಕ್ಕೆ ಕಂಡುಹಿಡಿದಳು. ನಾನು ಹೇಳಿಕೊಟ್ಟಿರಲಿಲ್ಲ. ನಿಮ್ಮ ಊರಿನ ಬಸ್ಸುಗಳಲ್ಲೂ ಇಂಥ ಜೋಡಿ ಇದ್ದೇ ಇರುತ್ತದೆ, ಹುಡುಕಿ.

ಅಂಗಡಿ ಬೋರ್ಡುಗಳಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಓದು ಕಲಿಯುವ ಮಗುವಿಗೆ ಇದು ದೊಡ್ಡ ಉಪಕಾರ. ಆದರೆ ಚಿತ್ತಾರದ ಅಕ್ಷರ ಜಾಸ್ತಿ ಇರುವ ಬೋರ್ಡು ಸದ್ಯಕ್ಕೆ ಬೇಡ. ಬೇಕರಿ, ಔಷಧಿ ಅಂತ ನೇರವಾಗಿ ಬರೆದದ್ದು ಸಾಕು. ದಿನಕ್ಕೆ ಒಂದೇ ಬೋರ್ಡು. ನಡೆಯುವ ದಾರಿಯೆಲ್ಲ ಪರೀಕ್ಷೆಯಾದರೆ ಮಗು ನಮ್ಮ ಜೊತೆ ಹೊರಡುವುದನ್ನೇ ಬಿಡುತ್ತದೆ. ಬರಲಿಲ್ಲವಾದರೆ ನೀವೇ ಓದಿ ಮುಂದೆ ನಡೆಯಿರಿ.

ಅಡುಗೆಮನೆಯ ಡಬ್ಬಿಗಳಿಗೆ ಹಳೇ ಮದುವೆ ಕಾಗದದ ಹಿಂಬದಿಯಲ್ಲಿ ಹೆಸರು ಬರೆದು ಅಂಟಿಸಿ. ಅಂಟಿಸುವುದು ಮಗುವೇ ಆಗಲಿ. ಚೀಟಿ ಮಗುವಿನ ಕಣ್ಣಿನ ಎತ್ತರದಲ್ಲಿರಬೇಕು. ನಾನು ಕಂಡ ಒಂದು ಶಾಲೆಯಲ್ಲಿ ಚಂದದ ಪಟಗಳನ್ನೆಲ್ಲ ಸೂರಿನ ಹತ್ತಿರ ತೂಗುಹಾಕಿದ್ದರು. ಒಂದು ಮಗುವೂ ಕತ್ತೆತ್ತಿ ನೋಡುತ್ತಿರಲಿಲ್ಲ. ಮೊದಲು ರವೆ, ರಾಗಿ ಎರಡೇ ಚೀಟಿ. ಎರಡಕ್ಕೂ ಮೊದಲು ರ ಇರುವುದರಿಂದ ಮುಂದಿನ ಅಕ್ಷರ ನೋಡಲೇಬೇಕು. ಒಂದು ದಿನ ಚೀಟಿ ಅದಲು ಬದಲು ಮಾಡಿಟ್ಟೆ. ಡಬ್ಬಿ ತೆಗೆದವಳು, "ಅಜ್ಜಿ, ಇದು ತಪ್ಪು!" ಅಂತ ಅಂಗಳದವರೆಗೂ ಓಡಿಬಂದಳು. ಅಕ್ಕಿ, ಉಪ್ಪು, ಸಕ್ಕರೆಯಂಥ ಒತ್ತಕ್ಷರದ ಹೆಸರು ಆಮೇಲೆ.

ಹೋದ ತಿಂಗಳು ಸಾಗರಕ್ಕೆ ಹೋಗುವಾಗ ಅವಳನ್ನು ಕಿಟಕಿ ಪಕ್ಕ ಕೂರಿಸಿದ್ದೆ. ಆನಂದಪುರದಲ್ಲಿ ಬಸ್ಸು ನಿಂತಿತು. ಎದುರಿನ ಬೋರ್ಡು ನೋಡಿ ನನ್ನ ಸೆರಗು ಜಗ್ಗಿದಳು. "ಅಜ್ಜಿ, ನಂದಿನಿಯ ನಂ ಇಲ್ಲೂ ಇದೆ!" ದ, ರ ಕೂಡ ಬೆರಳು ಮಾಡಿ ತೋರಿಸಿದಳು. ಪು ಬರಲಿಲ್ಲ. ಮನೆಗೆ ಬಂದ ಮೇಲೆ ಉಪ್ಪಿನ ಡಬ್ಬಿಗೆ ಚೀಟಿ ಬರೆದಿದ್ದೇವೆ.