ಕೋವಿ ಇದ್ದ ಮನೆಗೆ ರಿವಾಲ್ವರ್ ಬಂದಾಗ ನಾನು ಹೊಸದಾಗಿ ಕಲಿತದ್ದು

ನಮ್ಮದು ಮಲೆನಾಡಲ್ಲಿ ಕಾಫಿ ತೋಟ. ಅಜ್ಜನ ಕಾಲದಲ್ಲಿ ಮನೆಲಿ ಕೇಪಿನ ಕೋವಿ ಇತ್ತಂತೆ, ಅಪ್ಪನ ಕಾಲಕ್ಕೆ 12 ಬೋರ್ ಜೋಡಿನಳಿಗೆ ಬಂತು, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಶಕ್ತಿಮಾನ್ ಅನ್ನೋ ಬ್ರಾಂಡಿನ ತೋಟಾ, ಅಂದ್ರೆ ಕೋವಿಗೆ ಹಾಕೋ ಕಾರ್ಟ್ರಿಜ್, ಅದರ ವಾಸನೆ ಮೂಗಲ್ಲೇ ಇಟ್ಕೊಂಡು ಬೆಳೆದವನು ನಾನು. ಅಪ್ಪ ಹೋದಮೇಲೆ ಆ ಕೋವಿ ವಾರಸುದಾರ ಅಂತ ನನ್ನ ಹೆಸರಿಗೆ ಆಯ್ತು. ಹಾಗಾಗಿ 2020ರಲ್ಲಿ ಒಂದು ರಿವಾಲ್ವರ್ ತಗೋಬೇಕು ಅಂತ ಯೋಚನೆ ಬಂದಾಗ ಇದರಲ್ಲಿ ಕಲಿಯೋಕೆ ಏನಿದೆ, ಕೋವಿನೇ ಚಿಕ್ಕದಾಗಿದೆ ಅಷ್ಟೆ ಅಂತ ನಿಜವಾಗಲೂ ಅಂದ್ಕೊಂಡಿದ್ದೆ. ಅದು ತಪ್ಪು ತಿಳುವಳಿಕೆ, ಎಷ್ಟು ತಪ್ಪು ಅಂತ ಗೊತ್ತಾಗೋಕೆ ಎರಡು ವರ್ಷ ಹಿಡೀತು. ಹೊಸದಾಗಿ ತಗೊಳೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಯಾಕೆ ಬೇಕಾಯ್ತು ಅಂದ್ರೆ, ಹಣ್ಣು ಕೊಯ್ಲಿನ ಟೈಮಲ್ಲಿ ವಾರದ ಬಟವಾಡೆ ದುಡ್ಡು ಬ್ಯಾಂಕಿಂದ ತೋಟಕ್ಕೆ ಕ್ಯಾಶ್ ಆಗೇ ತರಬೇಕಿತ್ತು, ದಾರಿ ಹದಿನೆಂಟು ಕಿಲೋಮೀಟರ್, ಅದರಲ್ಲಿ ಅರ್ಧ ಕಾಡು, ನೆಟ್‌ವರ್ಕ್ ಇಲ್ಲ. ಆ ವರ್ಷ ಎರಡು ಸಲ ಒಂದೇ ಬೈಕು ನನ್ನ ಜೀಪಿನ ಹಿಂದೆ ಬಂದು ನಾನು ನಿಲ್ಲಿಸಿದ್ರೆ ತಾನೂ ನಿಲ್ಲಿಸಿದ್ದು ನೋಡಿದ ಮೇಲೆ ಮನೆಯವಳೇ ಹೇಳಿದ್ಲು ಏನಾದ್ರು ಮಾಡಿ ಅಂತ. ಜೋಡಿನಳಿಗೆ ಕೋವಿ ಜೀಪಲ್ಲಿ ಇಟ್ಕೊಂಡು ಬ್ಯಾಂಕಿಗೆ ಹೋಗೋಕಾಗಲ್ಲ. ಆನೆಗೆ ಅಂತ ರಿವಾಲ್ವರ್ ಕೇಳೋರೂ ನಮ್ಮ ಕಡೆ ಇದಾರೆ, ಅವರಿಗೆ ನಾನು ಹೇಳೋದು ಒಂದೇ, ಅದಕ್ಕಾಗಿ ತಗೋಬೇಡಿ, ರಿವಾಲ್ವರಿನ .32 (ಇಂಚಿನ ಲೆಕ್ಕದ ಅಳತೆ) ಗುಂಡು ಆನೆಯನ್ನ ತಡೆಯಲ್ಲ, ಕೆರಳಿಸುತ್ತೆ ಅಷ್ಟೆ, ಅಲ್ಲದೆ ಆನೆಗೆ ಗುಂಡು ಹೊಡೆಯೋದು ವನ್ಯಜೀವಿ ಕಾಯ್ದೆ ಪ್ರಕಾರ ದೊಡ್ಡ ಅಪರಾಧ.

ಕೊಡಗಿನಲ್ಲಿ ಕೊಡವರಿಗೆ ಮತ್ತೆ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ನಮ್ಮ ಕಡೆ ಹಾಗಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು, ಎಲ್ಲ ಆ ದಾರಿಲೇ ಹೋಗಬೇಕು. 21 ವರ್ಷ ಆಗಿರಬೇಕು. ಎ-1 ಅನ್ನೋ ಫಾರಂ ತುಂಬಬೇಕು, ಅದರ ಜೊತೆ ಆಧಾರ್, ಐಟಿ ರಿಟರ್ನ್ಸ್, ಡಾಕ್ಟರ ಸರ್ಟಿಫಿಕೇಟು, ಅದರಲ್ಲಿ ದೇಹದ ಜೊತೆ ಮನಸ್ಸಿನ ಆರೋಗ್ಯನೂ ಬರೆದಿರಬೇಕು. ಬಂದೂಕು ಹಿಡಿಯೋ ತರಬೇತಿ ಸರ್ಟಿಫಿಕೇಟು ಬೇಕು, ಅದಕ್ಕೆ ನಾನು ಜಿಲ್ಲಾ ಪೊಲೀಸರು ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲಿ ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದೆ. ಅಲ್ಲಿ ರೈಫಲ್ಲೇ ಜಾಸ್ತಿ, ರಿವಾಲ್ವರ್ ಹೆಚ್ಚೇನೂ ಮುಟ್ಟಿಸಲಿಲ್ಲ, ಆದ್ರೂ ಕಮಾಂಡ್ ಕೇಳಿ ಕೈ ನಿಲ್ಲಿಸೋದು ಅಲ್ಲಿ ಬಂತು. ಆಮೇಲೆ ಪೊಲೀಸ್ ವಿಚಾರಣೆ, ಅಕ್ಕಪಕ್ಕದವರನ್ನ ಕೇಳ್ತಾರೆ, ಕೇಸು ಗೀಸು ಇದೆಯಾ, ಕುಡಿತ ಇದೆಯಾ, ಜಾಗದ ಜಗಳ ಇದೆಯಾ ಅಂತ. ನಿಯಮದಲ್ಲಿ ಪೊಲೀಸ್ ವರದಿಗೆ 30 ದಿನ ಅಂತಿದೆ, ನನಗೆ ಎಲ್ಲ ಸೇರಿ 14 ತಿಂಗಳಾಯ್ತು, ಕಡತ ಒಂದು ಕಡೆ ಸುಮ್ಮನೆ ಕೂತಿತ್ತು, ಯಾರಿಗೂ ದುಡ್ಡು ಕೊಡಲಿಲ್ಲ, ಪ್ರತಿ ಸಲ ಲಿಖಿತವಾಗಿ ಕೇಳಿದೆ. ಕೊಡಲ್ಲ ಅಂದ್ರೂ ಕಾರಣ ಬರೆದು ಕೊಡಬೇಕು, ಅದರ ಮೇಲೆ ಅಪೀಲು ಹೋಗಬಹುದು, ಇದು ಗೊತ್ತಿದ್ರೆ ಅರ್ಧ ಧೈರ್ಯ ಬರುತ್ತೆ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಆಯುಧ, ಮುಂಚೆ ಮೂರಿತ್ತು, ಅಪ್ಪನಿಂದ ಬಂದ ಕೋವಿನೂ ಲೆಕ್ಕಕ್ಕೆ ಸೇರುತ್ತೆ, ಹಾಗಾಗಿ ನನಗೆ ಉಳಿದಿದ್ದು ಒಂದೇ ಜಾಗ. ಲೈಸೆನ್ಸ್ ಅವಧಿ ಈಗ 5 ವರ್ಷ.

ಯಾವ ಗನ್ ಅಂತ ಆರಿಸೋ ಕೆಲಸ ನಮ್ಮ ದೇಶದಲ್ಲಿ ಬೇಗ ಮುಗಿಯುತ್ತೆ. 9 ಎಂಎಂ, .38 ಎಲ್ಲ ನಿಷೇಧಿತ ಬೋರು (ನಳಿಗೆ ಅಳತೆ), ನಮ್ಮಂಥೋರಿಗೆ ಸಿಗಲ್ಲ. ಉಳಿದಿದ್ರಲ್ಲಿ ಎಲ್ಲರೂ ತಗೊಳೋದು .32, ಒಂದೋ ರಿವಾಲ್ವರ್ ಇಲ್ಲ ಪಿಸ್ತೂಲು. ವಿದೇಶಿ ಗನ್ ಖಾಸಗಿಯವರು ತರಿಸಿಕೊಳ್ಳೋದು 1980ರ ದಶಕದಲ್ಲೇ ನಿಂತುಹೋಯ್ತು, ಅದಕ್ಕೇ ಹಳೇ ವೆಬ್ಲಿ, ಸ್ಮಿತ್ ಅಂಡ್ ವೆಸ್ಸನ್‌ಗೆ ಡೀಲರ್ ಹೇಳೋ ರೇಟು ಕೇಳಿದ್ರೆ ಒಂದು ಹೊಸ ಕಾರೇ ಬರುತ್ತೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯವು ಇವೆ, 2014ರಲ್ಲಿ ಹೆಂಗಸರಿಗೆ ಅಂತ ಬಿಟ್ಟ ನಿರ್ಭೀಕ್ ಅರ್ಧ ಕೇಜಿ ಚಿಲ್ಲರೆ ತೂಕ, ಆಗ ಅದರ ಬೆಲೆ 1.22 ಲಕ್ಷ. 2023ರಲ್ಲಿ ಪ್ರಬಲ್ ಅಂತ ಬಂತು, ಅದರ ಸಿಲಿಂಡರ್ (ಗುಂಡುಗಳು ಕೂರೋ, ತಿರುಗೋ ಉರುಳೆ) ಪಕ್ಕಕ್ಕೆ ತೆರೆಯುತ್ತೆ, ಆದ್ರೆ ನಾನು ತಗೊಳೋ ಹೊತ್ತಿಗೆ ಅದಿನ್ನೂ ಇರಲಿಲ್ಲ. 2022ರಲ್ಲಿ ನಾನು ತಗೊಂಡಿದ್ದು ಕಾನ್ಪುರದ್ದೇ .32, ಆರು ಗುಂಡಿನ, ನಡು ಮುರಿಯೋ (ನಡುವಲ್ಲಿ ಬಗ್ಗಿಸಿ ತೆರೆಯೋ) ಮಾದರಿ.

ಪಿಸ್ತೂಲು ಯಾಕೆ ತಗೊಳ್ಳಲಿಲ್ಲ ಅಂತ ತುಂಬ ಜನ ಕೇಳಿದ್ರು. ತೆಳ್ಳಗೆ ಇರುತ್ತೆ, ಸೊಂಟಕ್ಕೆ ಚೆನ್ನಾಗಿ ಕೂರುತ್ತೆ, ನಿಜ. ಅಂಗಡಿಯಲ್ಲಿ ಎರಡನ್ನೂ ಕೈಲಿ ಹಿಡಿದು ಬಿಚ್ಚಿ ನೋಡಿದೆ. ಪಿಸ್ತೂಲಲ್ಲಿ ಗುಂಡುಗಳು ಹಿಡಿಯೊಳಗೆ ಮ್ಯಾಗಜೀನಲ್ಲಿ ಒಂದರ ಮೇಲೊಂದು ಕೂತಿರುತ್ತೆ. ಮೇಲಿನ ಸ್ಲೈಡ್ ಹಿಂದಕ್ಕೆ ಎಳೆದು ಬಿಟ್ರೆ ಸ್ಪ್ರಿಂಗು ಅದನ್ನ ಮುಂದಕ್ಕೆ ತಳ್ಳುತ್ತೆ, ಹೋಗ್ತಾ ಒಂದು ತೋಟಾನ ಚೇಂಬರಿಗೆ, ಅಂದ್ರೆ ನಳಿಗೆ ಬುಡದಲ್ಲಿ ತೋಟಾ ಕೂರೋ ಜಾಗಕ್ಕೆ, ತಳ್ಕೊಂಡು ಹೋಗುತ್ತೆ. ಗುಂಡು ಹಾರಿದಾಗ ಅದರ ಗ್ಯಾಸಿನ ಒತ್ತಡ ಸ್ಲೈಡನ್ನ ಹಿಂದಕ್ಕೆ ನೂಕಿ, ಖಾಲಿ ತೋಟಾ ಆಚೆ ಎಸೆದು, ಬರ್ತಾ ಇನ್ನೊಂದನ್ನ ತುಂಬುತ್ತೆ. .32 ಪಿಸ್ತೂಲಲ್ಲಿ ಒತ್ತಡ ಕಡಿಮೆ, ಹಾಗಾಗಿ ಸ್ಲೈಡಿನ ಭಾರ ಮತ್ತೆ ಸ್ಪ್ರಿಂಗಿನ ಬಲವೇ ಅದನ್ನ ಬೇಕಾದಷ್ಟು ಹೊತ್ತು ತಡೆದು ಹಿಡಿಯುತ್ತೆ, ಬೇರೆ ಬೀಗ ಬೇಕಾಗಲ್ಲ. ಬ್ರೌನಿಂಗ್ ಅನ್ನೋ ಅಮೆರಿಕದವನು 1899ರ ಹೊತ್ತಿಗೇ ಇದನ್ನ ಮಾಡಿಟ್ಟಿದ್ದ, ನೋಡಿದ್ರೆ ಕೈ ಮುಗಿಯಬೇಕು ಅನ್ಸುತ್ತೆ. ಆದ್ರೆ ಹೊಸಬರ ಪ್ರಾಣ ಹೋಗೋ ಜಾಗ ಒಂದಿದೆ ಇದರಲ್ಲಿ. ಮ್ಯಾಗಜೀನ್ ತೆಗೆದ ಕೂಡಲೆ ಗನ್ ಖಾಲಿ ಅಂತ ಮನಸ್ಸು ಹೇಳುತ್ತೆ, ಚೇಂಬರಲ್ಲಿ ಮಾತ್ರ ಒಂದು ಕೂತೇ ಇರುತ್ತೆ. ಮ್ಯಾಗಜೀನ್ ಮೊದಲು, ಆಮೇಲೆ ಸ್ಲೈಡ್ ಎಳೆದು ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಬೇಕು, ಇದು ತಪ್ಪಬಾರದು. ನಮ್ಮ ಮನೆಲಿ ಮಕ್ಕಳಿದಾರೆ, ನನಗೆ ಕಣ್ಣಿಗೆ ಎಲ್ಲ ಒಂದೇ ಸಲ ಕಾಣೋ ಸಾಮಾನು ಬೇಕಿತ್ತು.

ರಿವಾಲ್ವರಲ್ಲಿ ಅದು ಸಿಗುತ್ತೆ. ನನ್ನದರಲ್ಲಿ ಮೇಲಿನ ಚಿಲಕ ಒತ್ತಿ ನಳಿಗೆ ಕೆಳಕ್ಕೆ ಬಗ್ಗಿಸಿದ್ರೆ ಥೇಟ್ ನಮ್ಮ ಜೋಡಿನಳಿಗೆ ಮುರಿದ ಹಾಗೆ, ಒಳಗಿರೋ ನಕ್ಷತ್ರದಂಥ ತಟ್ಟೆ ಆರು ತೋಟಾನೂ ಒಟ್ಟಿಗೆ ಮೇಲಕ್ಕೆತ್ತುತ್ತೆ. ಆರು ತೂತು, ಆಚೆ ಕಡೆ ಬೆಳಕು ಕಂಡ್ರೆ ಖಾಲಿ. ಕೆಲಸ ಮಾಡೋ ರೀತಿ ಗೊತ್ತಾಗಲಿ ಅಂತ ಖಾಲಿ ರಿವಾಲ್ವರಲ್ಲಿ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ನಿಧಾನಕ್ಕೆ ಟ್ರಿಗರ್ ಎಳೆದು ನೂರು ಸಲ ನೋಡಿದೀನಿ. ಎಳೀತಾ ಇದ್ದ ಹಾಗೆ ಹ್ಯಾಮರು, ಅಪ್ಪ ಅದನ್ನ ಕುದುರೆ ಅಂತಿದ್ರು, ಹಿಂದಕ್ಕೆ ಏಳುತ್ತೆ. ಅದೇ ಹೊತ್ತಲ್ಲಿ ಒಳಗಿಂದ ಒಂದು ಸಣ್ಣ ಕೊಕ್ಕೆ ಸಿಲಿಂಡರಿನ ಹಿಂದಿನ ಹಲ್ಲಿಗೆ ಒತ್ತು ಕೊಟ್ಟು ಅದನ್ನ ಒಂದು ಮನೆ (ಒಂದು ಚೇಂಬರಿನಷ್ಟು) ತಿರುಗಿಸುತ್ತೆ, ಕೆಳಗಿಂದ ಇನ್ನೊಂದು ಕಡ್ಡಿ ಮೇಲೆದ್ದು ಸಿಲಿಂಡರಿನ ಮೈಮೇಲಿರೋ ಗುಳಿಯೊಳಗೆ ಬಿದ್ದು ಟಕ್ ಅಂತ ಲಾಕ್ ಮಾಡುತ್ತೆ, ಆಗ ಚೇಂಬರು ನಳಿಗೆ ಎದುರಿಗೆ ಸರಿಯಾಗಿ ನಿಲ್ಲುತ್ತೆ, ಆಮೇಲೆ ಹ್ಯಾಮರ್ ಬೀಳುತ್ತೆ. ಇಷ್ಟೂ ಕೆಲಸ ಒಂದು ಬೆರಳು ಮಾಡಬೇಕು, ಅದಕ್ಕೇ ಆ ಎಳೆತ ಅಷ್ಟು ಭಾರ ಮತ್ತೆ ಉದ್ದ. ಇದು ಡಬಲ್ ಆ್ಯಕ್ಷನ್. ಹೆಬ್ಬೆರಳಲ್ಲಿ ಮುಂಚೆನೇ ಹ್ಯಾಮರ್ ಎಳೆದಿಟ್ಕೊಂಡ್ರೆ ಬೆರಳಿಗೆ ಉಳಿಯೋದು ಸ್ವಲ್ಪವೇ, ಮುಟ್ಟಿದ್ರೆ ಬೀಳುತ್ತೆ, ಅದು ಸಿಂಗಲ್ ಆ್ಯಕ್ಷನ್. ಗುರಿ ಅದರಲ್ಲೇ ಚೆನ್ನಾಗಿ ಬರುತ್ತೆ, ಆದ್ರೆ ಕೈ ನಡುಗೋ ಹೊತ್ತಲ್ಲಿ ಆ ಹಗುರನೇ ಅಪಾಯ, ಅದಕ್ಕೆ ನಾನು ಅಭ್ಯಾಸ ಮಾಡೋದು ಭಾರದ ಎಳೆತದಲ್ಲೇ.

ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತೆ, ಇರಲೇಬೇಕು, ಇಲ್ಲದಿದ್ರೆ ತಿರುಗಲ್ಲ. ಗುಂಡು ಹಾರಿದಾಗ ಆ ಸಂದಿಂದ ಬಿಸಿ ಗ್ಯಾಸು ಪಕ್ಕಕ್ಕೆ ಚಿಮ್ಮುತ್ತೆ. ಕೋವಿ ಹಿಡಿದು ರೂಢಿ ಇರೋರ ಎಡಗೈ ತಾನಾಗೇ ಮುಂದಕ್ಕೆ ಹೋಗುತ್ತೆ, ನನ್ನದೂ ಮೊದಲ ದಿನ ಹೋಗಿತ್ತು, ರೇಂಜಲ್ಲಿದ್ದ ಕೋಚು ಕೈ ಹಿಡಿದು ಎಳೆದ್ರು, "ಸರ್, ಬೆರಳು ಅಲ್ಲಿಡಬೇಡಿ" ಅಂತ. ತೋಟಾ ಬಗ್ಗೆನೂ ಒಂದು ಮಾತು, ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ, ಹೆಸರು ಒಂದೇ ಆದ್ರೂ ಉದ್ದ, ತಳದ ಅಂಚು, ಒತ್ತಡ ಎಲ್ಲ ಬೇರೆ. ಡಬ್ಬಿ ಓದಿ ತಗೊಳ್ಳಿ, ಅಂಗಡಿಯವರ ಬಾಯಿಮಾತು ಸಾಲದು. ಎಷ್ಟು ತೋಟಾ ತಗೋಬಹುದು ಅಂತ ಲೈಸೆನ್ಸಲ್ಲೇ ಬರೆದಿರುತ್ತೆ, ನಾನು ತಂದಿದ್ದು ಎಷ್ಟು ಹಾರಿಸಿದ್ದು ಎಷ್ಟು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ.

ಗುರಿ ವಿಷಯದಲ್ಲಿ ನನಗೆ ನಿಜವಾಗಲೂ ಬೇಜಾರಾಯ್ತು. ಕೋವಿಲಿ ಹಾರೋ ಗುರಿಗೂ ಹೊಡೆದವನು, ಹತ್ತು ಮೀಟರಲ್ಲಿ ನಿಂತ ಕಾಗದಕ್ಕೆ ಆರರಲ್ಲಿ ಎರಡು ಬಿತ್ತು. ಆಮೇಲೆ ಲೆಕ್ಕ ಹಾಕಿದೆ. ನನ್ನ ರಿವಾಲ್ವರಲ್ಲಿ ಮುಂದಿನ ನೊಣಕ್ಕೂ (ನಳಿಗೆ ತುದಿಯ ಗುರಿ ಗುರುತು) ಹಿಂದಿನ ಗುರಿಗಂಡಿಗೂ ನಡುವೆ ಹತ್ತು ಹನ್ನೆರಡು ಸೆಂಟಿಮೀಟರ್ ದೂರ. ಅಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದ್ರೆ ಹತ್ತು ಮೀಟರಲ್ಲಿ ಗುಂಡು ಎಂಟರಿಂದ ಹತ್ತು ಸೆಂಟಿಮೀಟರ್ ತಪ್ಪುತ್ತೆ. ಉದ್ದ ನಳಿಗೆಯ ಕೋವಿಲಿ ಅದೇ ತಪ್ಪಿಗೆ ಒಂದೂವರೆ ಸೆಂಟಿಮೀಟರ್, ಜೊತೆಗೆ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹರಡಿ ನಮ್ಮ ತಪ್ಪನ್ನ ಮುಚ್ಚುತ್ತೆ. ರಿವಾಲ್ವರಿನ ಒಂಟಿ ಗುಂಡು ಮುಚ್ಚಲ್ಲ, ತಪ್ಪಿದ್ದು ಕಿಲೋಮೀಟರ್ ದೂರಕ್ಕೂ ಹೋಗಬಹುದು, ಅಲ್ಲಿ ಯಾರಿದ್ರು ಅನ್ನೋದಕ್ಕೆ ಜವಾಬ್ದಾರಿ ನಮ್ಮದೇ. ಕೋಚು ಸಿಲಿಂಡರಿನ ಆರು ಮನೆಲಿ ಎಲ್ಲೋ ಎರಡು ಡಮ್ಮಿ ಸೇರಿಸಿ ನನಗೆ ಹೇಳದೆ ಕೊಟ್ರು. ಡಮ್ಮಿ ಬಂದಾಗ ಸದ್ದಿಲ್ಲ, ಆದ್ರೂ ನನ್ನ ಕೈ ಕೆಳಕ್ಕೆ ಎಡಕ್ಕೆ ಜಗ್ಗಿತು. ಸದ್ದಿಗೆ ಮುಂಚೆನೇ ಕೈ ಹೆದರ್ತಿದೆ ಅಂತ ಆವತ್ತು ಗೊತ್ತಾಯ್ತು. ಅದನ್ನ ಬಿಡಿಸಿಕೊಳ್ಳೋಕೆ ಮನೆಲಿ ಡಮ್ಮಿ ಹಾಕಿ ನೊಣದ ಮೇಲೆ ನಾಣ್ಯ ಇಟ್ಟು ಅದು ಬೀಳದ ಹಾಗೆ ಟ್ರಿಗರ್ ಎಳೆಯೋದು, ದಿನಾ ಹತ್ತು ನಿಮಿಷ, ಆರು ತಿಂಗಳು. ಆ ಹೊತ್ತಲ್ಲಿ ನಿಜವಾದ ತೋಟಾ ಬೇರೆ ಕೋಣೆಯಲ್ಲಿ ಬೀಗ ಹಾಕಿರುತ್ತೆ, ರಿವಾಲ್ವರ್ ಮಣ್ಣಿನ ದಪ್ಪ ಗೋಡೆ ಕಡೆಗೇ ಇರುತ್ತೆ.

ಇನ್ನು ನಾನು ಮರೆಯೋಕಾಗದ್ದು. ತಂದ ವಾರ ಚಿಕ್ಕಪ್ಪ ಮತ್ತೆ ಬಾವ ಮನೆಗೆ ಬಂದಿದ್ರು, ಜಗುಲಿಲಿ ಕೂತಿದ್ವಿ. ಖಾಲಿ ಮಾಡಿ ತಂದು ತೋರಿಸ್ತಿದ್ದೆ, ಅಷ್ಟರಲ್ಲಿ ಒಳಗಿಂದ ಅಮ್ಮ ಕರೆದ್ರು, ಹಾಂ ಅಂತ ತಿರುಗಿದೆ, ನಾನು ತಿರುಗಿದ್ದಕ್ಕೆ ನಳಿಗೆ ಬಾಯಿ ಬಾವನ ಹೊಟ್ಟೆ ಮೇಲಿಂದ ಹಾದು ಬಾಗಿಲ ಕಡೆ ಹೋಯ್ತು. ಚಿಕ್ಕಪ್ಪ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ಕೆಳಗೆ ಮಾಡಿದ್ರು. "ಖಾಲಿ ಇದೆ ಚಿಕ್ಕಪ್ಪ" ಅಂದೆ. "ಖಾಲಿ ಇದ್ದಿದ್ದೇ ಎಷ್ಟೋ ಜನರನ್ನ ತಗೊಂಡು ಹೋಗಿದೆ ಕಣೋ, ಅಣ್ಣ ಇದ್ದಿದ್ರೆ ಇದನ್ನ ಕೈಗೆ ಕೊಡ್ತಿರಲಿಲ್ಲ ನಿಂಗೆ" ಅಂದ್ರು. ಬಾವ ಏನೂ ಮಾತಾಡಲಿಲ್ಲ, ಆವತ್ತು ಊಟ ಮಾಡೋವರೆಗೂ ನನಗೆ ಅವರ ಮುಖ ನೋಡೋಕಾಗಲಿಲ್ಲ. ಜೋಡಿನಳಿಗೆ ಹಿಡಿದವನು ತಿರುಗಬೇಕಾದ್ರೆ ಇಡೀ ಮೈ ತಿರುಗಬೇಕು, ಉದ್ದ ನಳಿಗೆ ಎಲ್ಲರ ಕಣ್ಣಿಗೂ ಕಾಣುತ್ತೆ, ಮುರಿದು ತೋಳ ಮೇಲೆ ಹಾಕಿಕೊಳ್ಳೋ ರೂಢಿ ಬೇರೆ. ಮೂರು ಇಂಚಿನ ನಳಿಗೆಗೆ ಮಣಿಕಟ್ಟು ಒಂದು ಸ್ವಲ್ಪ ತಿರುಗಿದ್ರೆ ಸಾಕು, ಪಕ್ಕದಲ್ಲಿದ್ದವರ ಎದೆಗೆ ಬಂದುಬಿಡುತ್ತೆ. ಹ್ಯಾಂಡ್‌ಗನ್ ಬೇರೆನೇ ಸಾಮಾನು ಅಂತ ನನಗೆ ಗೊತ್ತಾಗಿದ್ದು ಆ ಜಗುಲಿಲಿ. ಆವತ್ತಿಂದ ಯಾರಿಗೂ ತೋರಿಸೋದೇ ಬಿಟ್ಟೆ, ಬಿಚ್ಚೋದು ಒರೆಸೋದು ಎಲ್ಲ ಒಂದೇ ಟೇಬಲ್ ಮೇಲೆ, ಬಾಯಿ ಒಂದೇ ಗೋಡೆ ಕಡೆ, ಯಾರಾದ್ರು ಕರೆದ್ರೆ ಮೊದಲು ಕೆಳಗಿಡೋದು ಆಮೇಲೆ ಓಗೊಡೋದು. ಬೆರಳು ಟ್ರಿಗರಿನ ಕಮಾನಿನ ಹೊರಗೆ, ಉದ್ದಕ್ಕೆ ಚಾಚಿ. ಮದುವೆ ಮೆರವಣಿಗೆಲಿ ಗಾಳಿಗೆ ಹೊಡೆಯೋರಿಗೆ ಈಗ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಇದೆ, ಇರಬೇಕಾದ್ದೇ.

ಚುನಾವಣೆ ಬಂದಾಗೆಲ್ಲ ಆಯುಧ ಠೇವಣಿ ಇಡೋ ಕೆಲಸನೂ ಇದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಸಲನೂ ಕೋವಿ ರಿವಾಲ್ವರ್ ಎರಡೂ ಕೊಟ್ಟು ರಸೀದಿ ತಗೊಂಡೆ, ಅದರಲ್ಲಿ ನಂಬರ್ ಸರಿಯಾಗಿ ಬರೆದಿದಾರಾ ಅಂತ ಅಲ್ಲೇ ನಿಂತು ನೋಡ್ಕೊಳ್ಳಿ. ಮೊದಲ ಸಲ ವಾಪಸ್ ತರೋಕೆ ನಾನೂ ತಡ ಮಾಡಿದೆ, ಮಳೆ ಹಿಡಿದಿತ್ತು, ಇಟ್ಟ ಜಾಗದ ಗೋಡೆ ಥಂಡಿ, ತಂದು ನೋಡಿದ್ರೆ ನಳಿಗೆ ಬುಡದಲ್ಲಿ ತುಕ್ಕಿನ ಚುಕ್ಕಿ. ಮುಂದಿನ ಸಲ ದಪ್ಪಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಕೊಟ್ಟೆ. ಮಲೆನಾಡಲ್ಲಿ ಚರ್ಮದ ಹೋಲ್‌ಸ್ಟರಲ್ಲಿ ಇಟ್ಟು ಲಾಕರಿಗೆ ಹಾಕಬೇಡಿ, ಚರ್ಮ ನೀರು ಕುಡಿದು ಕಬ್ಬಿಣಕ್ಕೆ ಕೊಡುತ್ತೆ.

ಈಗ ಬಟವಾಡೆ ಅರ್ಧಕ್ಕಿಂತ ಜಾಸ್ತಿ ಫೋನಲ್ಲೇ ಹೋಗುತ್ತೆ, ವರ್ಷದಲ್ಲಿ ಎರಡು ತಿಂಗಳು ಬಿಟ್ರೆ ರಿವಾಲ್ವರ್ ಲಾಕರಲ್ಲೇ. ತಿಂಗಳಿಗೊಮ್ಮೆ ರೇಂಜಿಗೆ ಹೋಗ್ತೀನಿ, ಹತ್ತು ಮೀಟರಲ್ಲಿ ಆರಕ್ಕೆ ಐದು ಅಂಗೈ ಅಗಲದೊಳಗೆ ಬೀಳುತ್ತೆ. ಮೊನ್ನೆ ಚಿಕ್ಕಪ್ಪ ಬಂದಾಗ ಅವರೇ ಕೇಳಿದ್ರು, ತಗೊಂಬಾ ನೋಡೋಣ ಅಂತ. ನಡು ಮುರಿದು, ಆರು ತೂತಿನ ಬೆಳಕು ಅವರಿಗೆ ಕಾಣೋ ಹಾಗೆ ಹಿಡಿದು, ನಳಿಗೆ ನೆಲಕ್ಕೆ ಮಾಡಿ ಕೊಟ್ಟೆ. ಕನ್ನಡಕ ಮೇಲೆತ್ತಿ ಒಂದೊಂದೇ ತೂತು ನೋಡಿದ್ರು, ಆ ತುಕ್ಕಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿ "ಇಲ್ಲಿ ಇನ್ನೊಂಚೂರು ಎಣ್ಣೆ ಬೇಕು" ಅಂದು ಮುರಿದ ಹಾಗೇ ವಾಪಸ್ ಕೊಟ್ರು.