ಕರೆಂಟ್ ಕಡಿಯಬಾರದು: ಬೀಳದೆ ತಾನೇ ನಿಲ್ಲುವ ಗಾಡಿ ಕಟ್ಟಿದ ನನ್ನ ಅನುಭವ

ಅಕ್ಕಪಕ್ಕ ಎರಡು ಚಕ್ರ, ನಡುವೆ ನಿಲ್ಲಲು ಹಲಗೆ, ಮುಂದೆ ಒಂದು ಹ್ಯಾಂಡಲ್. ಮೈ ಮುಂದಕ್ಕೆ ಬಾಗಿದರೆ ಹೊರಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ದೊಡ್ಡ ಮಾಲ್‌ಗಳಲ್ಲಿ ಭದ್ರತಾ ಸಿಬ್ಬಂದಿ ಸೆಗ್ವೇ ಏರಿ ಓಡಾಡುವುದನ್ನು ನೀವೂ ಕಂಡಿರುತ್ತೀರಿ. ಅಂಥದೇ ಒಂದು ಗಾಡಿ ಶಿವಮೊಗ್ಗದ ನನ್ನ ಯುಪಿಎಸ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಯಾರಾಗಿ, ಸುಮಾರು 78 ಕಿಲೋ ತೂಗುವ ನನ್ನನ್ನು ಹೊತ್ತುಕೊಂಡು ಓಡುತ್ತಿದೆ. ‘ಮೇಜಿನ ಮೇಲೆ ಆಟಿಕೆ ರೋಬೊ ನಿಲ್ಲಿಸುವುದು ಬೇರೆ, ಮನುಷ್ಯನನ್ನು ನಿಲ್ಲಿಸುವುದು ಬೇರೆ. ಸುಮ್ಮನೆ ದುಡ್ಡು ದಂಡ’ ಎಂದವರಲ್ಲಿ ಇಬ್ಬರು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಒಬ್ಬರು ಬಂದು ಸವಾರಿ ಮಾಡಿ ಹೋದರು. ಇನ್ನೊಬ್ಬರು ಈಗಲೂ ನಂಬಿಲ್ಲ. ಈ ಬರಹ ಅವರ ಕಣ್ಣಿಗೆ ಬಿದ್ದರೆ ಸಂತೋಷ.

ಗೈರೊ (ಬಾಗುವ ವೇಗ ಅಳೆಯುವ ಸೆನ್ಸರ್) ಎಂದರೇನು, ಪಿಐಡಿ (ಎಷ್ಟು ಬಾಗಿದೆ ಎಂದು ನೋಡಿ ಮೋಟಾರಿಗೆ ಎಷ್ಟು ಬಲ ಕೊಡಬೇಕೆನ್ನುವ ಲೆಕ್ಕ) ಎಂದರೇನು ಎಂಬ ದೊಡ್ಡ ಪಾಠ ಇಲ್ಲಿಲ್ಲ. ಎಂಪಿಯು-6050 ಸೆನ್ಸರ್ ಮತ್ತು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಇಟ್ಟುಕೊಂಡು ಚಿಕ್ಕ ರೋಬೊ ನಿಲ್ಲಿಸಿದವರಿಗೆ ಅದೆಲ್ಲ ಗೊತ್ತು. ನನ್ನದೂ ಅದೇ ಸೆನ್ಸರ್, ಅದೇ ನ್ಯಾನೊ. ಲೆಕ್ಕದ ಲೂಪ್ 5 ಮಿಲಿಸೆಕೆಂಡಿಗೆ ಒಮ್ಮೆ, ಗೈರೊ ಮತ್ತು ಆಕ್ಸಿಲರೊಮೀಟರಿನ ಅಂಕಿಗಳನ್ನು ಬೆರೆಸುವ ಕಾಂಪ್ಲಿಮೆಂಟರಿ ಫಿಲ್ಟರ್‌ನಲ್ಲಿ ಗೈರೊಗೆ ಶೇ. 98ಕ್ಕಿಂತ ತುಸು ಹೆಚ್ಚು ಪಾಲು, ಸೆನ್ಸರಿನ ಒಳ ಫಿಲ್ಟರ್ 40 ಹರ್ಟ್ಸ್ ಆಸುಪಾಸು. ಒಂದು ಡಿಗ್ರಿ ಬಾಗಿದರೆ ಪಿಡಬ್ಲ್ಯುಎಂ (ಕರೆಂಟನ್ನು ಬೇಗ ಬೇಗ ಹಾಕಿ ತೆಗೆದು ಮೋಟಾರಿಗೆ ಕೊಡುವ ಬಲದ ಪಾಲು) ಸುಮಾರು ಶೇ. 5 ಏರುತ್ತದೆ. ಪಿಐಡಿಯಲ್ಲಿ ಹಳೆಯ ತಪ್ಪನ್ನು ಕೂಡಿಸುತ್ತಾ ಹೋಗುವ ಐ ಭಾಗವನ್ನು ಪೂರ್ತಿ ತೆಗೆದು ಹಾಕಿದ್ದೇನೆ. ಮೇಲೆ ನಿಂತ ಮನುಷ್ಯನೇ ಬಾಗಿ, ವಾಲಿ ಆ ಕೆಲಸ ಮಾಡಿಕೊಳ್ಳುತ್ತಾನೆ. ಕೋಡ್ ಮಾತು ಇಷ್ಟೇ. ಗಾಡಿಯನ್ನು ಬೀಳದಂತೆ ನಿಲ್ಲಿಸುವ ಮುಖ್ಯ ಸಾಲುಗಳು ಒಂದು ಪುಟ ತುಂಬುವುದಿಲ್ಲ.

ನನ್ನನ್ನು ತಿಂಗಳುಗಟ್ಟಲೆ ಸತಾಯಿಸಿದ್ದು ಬೇರೆಯೇ. ಸ್ಕೂಟರಿನಲ್ಲಿ ಕರೆಂಟ್ ಹೋದರೆ ಸ್ಕೂಟರ್ ನಿಲ್ಲುತ್ತದೆ. ಈ ಗಾಡಿಯಲ್ಲಿ ಕರೆಂಟ್ ಹೋದರೆ ಮನುಷ್ಯ ಮುಗ್ಗರಿಸಿ ಬೀಳುತ್ತಾನೆ. ಅಂದ ಮೇಲೆ, ಅಂಗಡಿಯಲ್ಲಿ ಕೊಂಡು ತರುವ ಪ್ರತಿ ಭಾಗದೊಳಗೂ ‘ರಕ್ಷಣೆ’ ಎಂದು ಕೂತಿರುವ ಸರ್ಕ್ಯೂಟ್ ಇಲ್ಲಿ ಶತ್ರು. ಅದು ತನ್ನನ್ನು ಉಳಿಸಿಕೊಂಡು ಸವಾರನನ್ನು ಕೆಡವುತ್ತದೆ.

ಮೊದಲ ಉದಾಹರಣೆ ಮೋಟಾರು ನಡೆಸುವ ಬಿಟಿಎಸ್7960 ಬೋರ್ಡು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐದಾರು ನೂರಕ್ಕೆ ಸಿಗುತ್ತದೆ, ಮೇಲೆ 43 ಆಂಪಿಯರ್ ಎಂದು ಬರೆದಿರುತ್ತದೆ. ನನ್ನ ಮೋಟಾರು ಎಂವೈ1016ಝಡ್, ಗೇರ್ ಇರುವುದು, 24 ವೋಲ್ಟ್, 250 ವಾಟ್. ಲೋಡಿನಲ್ಲಿ 14 ಆಂಪಿಯರ್ ಎಳೆಯುತ್ತದೆ, ನಿಂತಲ್ಲಿಂದ ಹೊರಡುವಾಗ ಅದರ ಎಷ್ಟೋ ಪಟ್ಟು. ಅಂಗಳದಲ್ಲಿ ಅಡ್ಡಾಡುವಾಗ ಬೋರ್ಡು ಚೆನ್ನಾಗಿಯೇ ಇತ್ತು. ಗೇಟಿನ ಇಳಿಜಾರು ಹತ್ತುವಾಗ ಒಳಗಿನ ಚಿಪ್ ಕಾದು ತಾನಾಗಿ ಬಂದ್ ಆಯಿತು. ತಣ್ಣಗಾದ ಮೇಲೆ ರೀಸೆಟ್ ಮಾಡಿದರೆ ಮತ್ತೆ ಕೆಲಸಕ್ಕೆ ನಿಂತಿತು. ಅಷ್ಟರಲ್ಲಿ ನನ್ನ ಮಂಡಿ ಚಿಪ್ಪಿನ ಸಿಪ್ಪೆ ಎದ್ದಾಗಿತ್ತು.

ನಂತರ ಬ್ರಿಜ್ಜನ್ನು, ಅಂದರೆ ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವ ಸರ್ಕ್ಯೂಟನ್ನು, ನಾನೇ ಕಟ್ಟಿದೆ. ಯುಪಿಎಸ್‌ನವರಿಗೆ ಮಾಸ್ಫೆಟ್ (ಕರೆಂಟ್ ಬಿಟ್ಟು ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್) ಹೊಸದೇನಲ್ಲ. ಹಳೆಯ ಯುಪಿಎಸ್‌ನ ದಪ್ಪ ಅಲ್ಯೂಮಿನಿಯಂ ಹೀಟ್ ಸಿಂಕ್, ಐಆರ್ಎಫ್3205 ಮಾಸ್ಫೆಟ್ ಜೋಡಿ ಜೋಡಿಯಾಗಿ, ಅವನ್ನು ತೆರೆದು ಮುಚ್ಚುವ ಐಆರ್2110 ಡ್ರೈವರ್ ಚಿಪ್. ಇಲ್ಲಿ ಎರಡು ಮಾತು. ಒಂದು, ಮಾರುಕಟ್ಟೆಯ 3205ಗಳಲ್ಲಿ ನಕಲಿ ಹೇರಳ. ಗುರುತು ನೋಡಿ ಕೊಳ್ಳಬೇಡಿ. ಅದರ ಮೂರು ಕಾಲುಗಳಲ್ಲಿ ಡ್ರೈನ್ ಮತ್ತು ಸೋರ್ಸ್ ಕಾಲನ್ನು ಸೇರಿಸಿ ಹಿಡಿದು, ಮೂರನೆಯದಾದ ಗೇಟ್ ಕಾಲಿನ ಕೆಪ್ಯಾಸಿಟೆನ್ಸ್ ಅಳೆಯಿರಿ. ಅಸಲಿ ಮೂರು ನ್ಯಾನೊಫ್ಯಾರಡ್‌ಗಿಂತ ಕೆಳಗೆ ತೋರಿಸುವುದಿಲ್ಲ. ನನ್ನ ಮೊದಲ ಕಟ್ಟಿನಲ್ಲಿ ಬಂದವು ಅದರ ಅರ್ಧವೂ ಇರಲಿಲ್ಲ, ಒಂದು ಸಂಜೆಯಲ್ಲಿ ಆರು ಸಿಡಿದವು. ಒಂದರ ಮುಖ ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಎರಡನೆಯದು ಸೂಕ್ಷ್ಮ. ಪುಷ್-ಪುಲ್ ಇನ್ವರ್ಟರ್ ರಿಪೇರಿ ಮಾಡುವವರು ಇದನ್ನು ಸಾಮಾನ್ಯವಾಗಿ ಎದುರಿಸಿರುವುದಿಲ್ಲ. ಐಆರ್2110 ಬ್ರಿಜ್ಜಿನ ಮೇಲಿನ ಮಾಸ್ಫೆಟ್ಟನ್ನು ತೆರೆದಿಡುವುದು, ಕೆಳಗಿನದು ತೆರೆದಾಗ ಮಾತ್ರ ತುಂಬಿಕೊಳ್ಳುವ ಬೂಟ್‌ಸ್ಟ್ರಾಪ್ ಕೆಪಾಸಿಟರಿನ ಬಲದಿಂದ. ಪಿಡಬ್ಲ್ಯುಎಂ ಪೂರ್ತಿ 100ಕ್ಕೆ ಹೋದರೆ ಆ ಕೆಪಾಸಿಟರ್ ಮತ್ತೆ ತುಂಬಿಕೊಳ್ಳಲು ಅವಕಾಶವೇ ಸಿಗದೆ ಬರಿದಾಗುತ್ತದೆ, ಫೆಟ್ ಮುಚ್ಚಿಕೊಳ್ಳುತ್ತದೆ. ಅಂದರೆ ಅತಿ ಹೆಚ್ಚು ಬಲ ಬೇಕಾದ ಗಳಿಗೆಯಲ್ಲೇ ಮೋಟಾರು ಕೈಕೊಡುತ್ತದೆ. ಶೇ. 95ಕ್ಕೆ ಕಟ್ಟಿ ಹಾಕಿದೆ, ಆ ಕಾಟ ಮುಗಿಯಿತು. ಆರ್ಡುಯಿನೊದ ಮಾಮೂಲಿ 490 ಹರ್ಟ್ಸ್‌ನಲ್ಲಿ ಮೋಟಾರು ಕಿರುಚುತ್ತಿತ್ತು. ಟೈಮರ್ ಒಂದನ್ನು ಬದಲಿಸಿ 16 ಕಿಲೋಹರ್ಟ್ಸ್ ಮಾಡಿದ ಮೇಲೆ ಗಾಡಿ ಬರುವುದು ಬೆನ್ನಿಗೆ ಬರುವವರೆಗೂ ಗೊತ್ತಾಗುವುದಿಲ್ಲ. ಅಂಗಡಿಯ ಹುಡುಗರನ್ನು ಹೆದರಿಸಲು ಅನುಕೂಲ.

ಬ್ಯಾಟರಿಯ ಕಥೆಯೂ ಇದೇ ಧಾಟಿಯದು. ಗಿರಾಕಿಗಳು ಬಿಟ್ಟು ಹೋದ 12 ವೋಲ್ಟ್, 7 ಆಂಪಿಯರ್-ಅವರ್ ಯುಪಿಎಸ್ ಬ್ಯಾಟರಿ ಎರಡನ್ನು ಸರಣಿಯಲ್ಲಿ ಜೋಡಿಸಿ ಶುರು ಮಾಡಿದೆ. ಬಾಗಿದ ತಕ್ಷಣ 24 ವೋಲ್ಟ್ 18ಕ್ಕೆ ಕುಸಿಯುತ್ತಿತ್ತು. ಆಮೇಲೆ 32700 ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳು: ಎಂಟು ಸರಣಿ, ಎರಡು ಸಮಾಂತರ, ಒಟ್ಟು 16. ಹೇಳಿಕೆಗೆ 25.6 ವೋಲ್ಟ್, 12 ಆಂಪಿಯರ್-ಅವರ್. ಸೆಲ್ಲು ಗಟ್ಟಿ, ಆದರೆ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ಬಿಡಬೇಕಲ್ಲ. ಯಾವುದೋ ಒಂದು ಸೆಲ್ಲಿನ ವೋಲ್ಟೇಜ್ ಅರೆಕ್ಷಣ ಕೆಳಗಿಳಿದರೂ ಸಾಕು, ಇಡೀ ಪ್ಯಾಕ್ ಬಂದ್. ಇನ್ನೊಂದು ಅಪಾಯ ತಿರುಗುಮುರುಗು: ಪೂರ್ತಿ ಚಾರ್ಜ್ ಮಾಡಿ ಇಳಿಜಾರಿನಲ್ಲಿ ಇಳಿಯುವಾಗ ಮೋಟಾರುಗಳೇ ಜನರೇಟರ್ ಆಗಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತವೆ, ಬಿಎಂಎಸ್ ಓವರ್‌ಚಾರ್ಜ್ ಎಂದು ಕೈ ತೊಳೆದುಕೊಳ್ಳುತ್ತದೆ.

ನಾನು ಮಾಡಿದ್ದು ಇಷ್ಟು. ಬಿಎಂಎಸ್ ಚಾರ್ಜಿಗೆ ಮಾತ್ರ. ಮೋಟಾರಿನ ದಾರಿ ಬ್ಯಾಟರಿಯಿಂದ ದೊಡ್ಡ ಫ್ಯೂಸ್ ಮೂಲಕ ನೇರ. ವೋಲ್ಟೇಜ್ ಕಾಯುವ ಕೆಲಸ ನ್ಯಾನೊದ್ದು. ಅದು ಕರೆಂಟ್ ಕಡಿಯುವುದಿಲ್ಲ, ಮೊದಲು ಬಜರ್ ಕೂಗಿಸುತ್ತದೆ, ಆಮೇಲೆ ಹಲಗೆಯ ಮೂತಿಯನ್ನು ನಿಧಾನ ಮೇಲೆತ್ತುತ್ತದೆ. ಹಲಗೆ ಹಿಂದಕ್ಕೆ ವಾಲಿದರೆ ಸವಾರ ಬೇಡವೆಂದರೂ ನಿಲ್ಲಲೇಬೇಕು. ವೇಗಕ್ಕೂ ಇದೇ ಮದ್ದು. ಸರಾಸರಿ ಪಿಡಬ್ಲ್ಯುಎಂ ಶೇ. 70 ದಾಟಿದರೆ ಮೂತಿ ಏರುತ್ತದೆ, ಏಕೆಂದರೆ 95ರ ಮಿತಿಯವರೆಗೆ ಉಳಿದ 25 ಇರುವುದು ಬೀಳುವವನನ್ನು ಎತ್ತಿ ಹಿಡಿಯಲು. ಚಾರ್ಜರನ್ನು 29.2ರ ಬದಲು 28 ವೋಲ್ಟಿಗೆ ಇಳಿಸಿದ್ದೇನೆ, ಇಳಿಜಾರಿನ ಕರೆಂಟಿಗೆ ಜಾಗ ಬೇಕು.

ಇದು ನನ್ನ ಗಾಡಿಯ ರೋಗ ಮಾತ್ರವಲ್ಲ ಎಂದು ಓದಿದಾಗ ಸಮಾಧಾನವಾಯಿತು. ಸೆಗ್ವೇ ಬೆಳಕಿಗೆ ಬಂದದ್ದು 2001ರ ಡಿಸೆಂಬರಿನಲ್ಲಿ. 2003ರ ಸೆಪ್ಟೆಂಬರಿನಲ್ಲಿ ಕಂಪನಿ ಆವರೆಗೆ ಮಾರಿದ್ದ ಸುಮಾರು 6,000 ಗಾಡಿಗಳನ್ನೂ ವಾಪಸ್ ಕರೆಸಿ ತಂತ್ರಾಂಶ ಬದಲಿಸಿತು. ಬ್ಯಾಟರಿ ಇಳಿದಿದ್ದಾಗ ಬೇಕಾದಷ್ಟು ಬಲ ಸಿಗದೆ ಕೆಲವರು ಬಿದ್ದಿದ್ದರು. ಸೆಗ್ವೇ ಕಂಡುಹಿಡಿದ ಡೀನ್ ಕೇಮನ್ ಅವರ ತಂಡಕ್ಕೇ ಆಗಿದ್ದು ಎಂದ ಮೇಲೆ ನನ್ನ ಮಂಡಿಗೆ ಬೇಸರವಿಲ್ಲ. ಅವರದರಲ್ಲಿ ಐದು ಗೈರೊ, ನನ್ನದರಲ್ಲಿ 150 ರೂಪಾಯಿಯ ಒಂದು.

ಆ 150 ರೂಪಾಯಿಯದೂ ಒಂದು ದಿನ ಆಟ ತೋರಿಸಿತು. ಮೋಟಾರಿನ ಕಿಡಿಗದ್ದಲ ಸೆನ್ಸರಿನ ತಂತಿಗೆ ನುಗ್ಗಿ ಸೆನ್ಸರ್ ಮತ್ತು ನ್ಯಾನೊ ನಡುವಿನ ಐ2ಸಿ ಸಂಪರ್ಕ ಹೆಪ್ಪುಗಟ್ಟಿತು. ಪ್ರೋಗ್ರಾಮ್ ಉತ್ತರಕ್ಕಾಗಿ ಕಾಯುತ್ತಾ ನಿಂತಿತು, ಪಿಡಬ್ಲ್ಯುಎಂ ಮಾತ್ರ ಕೊನೆಯ ಅಂಕಿಯಲ್ಲೇ ಮುಂದುವರಿಯಿತು. ಸವಾರನಿಲ್ಲದ ಗಾಡಿ ಎದುರು ಮನೆಯ ಕಾಂಪೌಂಡಿನವರೆಗೆ ಓಡಿ ಗೋಡೆಯನ್ನು ತಳ್ಳುತ್ತಲೇ ಇತ್ತು, ಟೈರಿನಿಂದ ಹೊಗೆ. ಈಗ ಸೆನ್ಸರಿನ ತಂತಿ ಒಂದು ಗೇಣಿಗಿಂತ ಕಡಿಮೆ, ಮೋಟಾರಿನ ತಂತಿಗಳು ಹುರಿ ಹಾಕಿದವು, ಬ್ರಷ್ ಬಳಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, ಮೇಲೆ ಪ್ರೋಗ್ರಾಮ್ ಸಿಕ್ಕಿಕೊಂಡರೆ ಮತ್ತೆ ಶುರು ಮಾಡಿಸುವ 15 ಮಿಲಿಸೆಕೆಂಡಿನ ವಾಚ್‌ಡಾಗ್. ರಕ್ಷಣೆಯೇ ಬೇಡವೆನ್ನುವವನು ನಾನಲ್ಲ. ಕಾಲಡಿಯಲ್ಲಿ ಸ್ವಿಚ್ ಇದೆ, ಮಣಿಕಟ್ಟಿಗೆ ಕಟ್ಟುವ ದಾರದ ಕೀಲಿಯೂ ಇದೆ. ಯಾವುದನ್ನು ಯಾವಾಗ ಕಡಿಯಬೇಕೆಂದು ನಿರ್ಧರಿಸುವವನು ನಾನಾಗಿರಬೇಕು, ಅಷ್ಟೆ.

ಕಬ್ಬಿಣದ ಕೆಲಸಕ್ಕೆ ಆಟೊ ಕಾಂಪ್ಲೆಕ್ಸಿನ ಲೇತ್ ಅಂಗಡಿಯೇ ಗತಿ. ಮೊದಲು ಮಕ್ಕಳ ಸೈಕಲ್ಲಿನ 16 ಇಂಚಿನ ಚಕ್ರ ಹಾಕಿದ್ದೆ. ತಿರುವಿನಲ್ಲಿ ಪಕ್ಕದ ಒತ್ತಡಕ್ಕೆ ಕಡ್ಡಿಗಳು ಸೊಟ್ಟಗಾದವು. ಈಗಿರುವುದು ಹಳೆ ಸ್ಕೂಟರಿನ 3.50-10 ಟೈರು, ರಿಮ್ ಗುಜರಿಯದು. ಪ್ರತಿ ಚಕ್ರಕ್ಕೂ 20 ಎಂ.ಎಂ. ಇಎನ್8 ಉಕ್ಕಿನ ಶಾಫ್ಟ್, ಎರಡೆರಡು ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಗೂಡು). ಸೈಕಲ್ ಫ್ರೀವೀಲ್ ಇಲ್ಲಿ ನಡೆಯುವುದಿಲ್ಲವೆಂದು ಹೇಳಬೇಕಾಗಿಲ್ಲ, ಹಿಂದಕ್ಕೂ ಬಲ ಬೇಕು. ಸ್ಪ್ರಾಕೆಟ್ಟನ್ನು ಕೀ ಹೊಡೆದು ಕೂರಿಸಬೇಕು.

ಮೋಟಾರಿನಿಂದ ಚಕ್ರಕ್ಕೆ ಹೋಗುವ ಚೈನಿನ ವಿಷಯದಲ್ಲಿ ಲೇತ್ ಯಜಮಾನರಿಗೂ ನನಗೂ ದೊಡ್ಡ ವಾದವಾಯಿತು. ‘ಸ್ಪ್ರಿಂಗ್ ಇರುವ ಟೆನ್ಷನರ್ ಹಾಕಿ ಸಾರ್, ತಾನೇ ಬಿಗಿಯಾಗಿರುತ್ತದೆ’ ಎಂದರು. ಬೈಕಿನಲ್ಲಿ ಸರಿ, ಅಲ್ಲಿ ಎಳೆತ ಹೆಚ್ಚಾಗಿ ಒಂದೇ ದಿಕ್ಕಿಗೆ. ನಿಂತಲ್ಲೇ ತೂಗುವ ಗಾಡಿಯಲ್ಲಿ ಎಳೆತ ಸೆಕೆಂಡಿಗೆ ಹಲವು ಬಾರಿ ದಿಕ್ಕು ಬದಲಿಸುತ್ತದೆ. ಈಗ ಸಡಿಲವಿದ್ದ ಕಡೆ ಮರುಕ್ಷಣ ಬಿಗಿ, ಸ್ಪ್ರಿಂಗ್ ಒಳಕ್ಕೆ ಹೋಗುತ್ತದೆ, ಗಾಡಿ ಗಡಗಡ ನಡುಗುತ್ತದೆ. ಆ ನಡುಕವನ್ನು ಕೋಡಿನಲ್ಲಿ ತಿದ್ದಲು ಹೋದವರು ಪಿಐಡಿಯ ಡಿ ಅಂಕಿಯನ್ನು (ಬಾಗುವ ವೇಗಕ್ಕೆ ಕೊಡುವ ತೂಕ) ಏರಿಸಿ ಏರಿಸಿ ಇನ್ನಷ್ಟು ಕೆಡಿಸುತ್ತಾರೆ. ಮೋಟಾರು ಕೂರುವ ತಗಡಿಗೆ ಉದ್ದ ತೂತು ಕೊರೆಸಿ, ಹಿಂದಿನಿಂದ ಎಳೆಯುವ ಬೋಲ್ಟು ಹಾಕಿಸಿದೆ. ಸ್ಪ್ರಿಂಗ್ ಇಲ್ಲ, ಚೈನನ್ನು ಬೆರಳಿನಲ್ಲಿ ಒತ್ತಿದರೆ ನಾಲ್ಕೈದು ಎಂ.ಎಂ. ಮಾತ್ರ ಬಗ್ಗಬೇಕು. ನಡುಕ ಮುಕ್ಕಾಲು ಪಾಲು ಹೋಯಿತು. ಗೇರ್‌ಬಾಕ್ಸಿನೊಳಗೆ ಉಳಿದ ಸಡಿಲಕ್ಕೆ, ಕರೆಂಟ್ ಸೊನ್ನೆ ದಾಟುವ ಜಾಗದಲ್ಲಿ ಎರಡು ಸಾಲು ಬರೆದಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹಾಗೆಯೇ ಹತ್ತುವ ಕ್ಷಣದಲ್ಲಿ ಹಲಗೆ ಜಿಗಿಯದೆ ಮೆಲ್ಲಗೆ ಸಮವಾಗುವ ಲೆಕ್ಕವನ್ನೂ. ಅಂಗಡಿಗೆ ಬಂದರೆ ಕಾಫಿ ಕೊಡುತ್ತೇನೆ, ಗಾಡಿಯನ್ನೂ ಕೊಡುತ್ತೇನೆ, ಕೋಡ್ ತೆರೆಯುವುದಿಲ್ಲ.

ತಿರುಗಿಸಲು ಹ್ಯಾಂಡಲಿನ ಬುಡದಲ್ಲಿ 10 ಕಿಲೊಓಮ್ ಪಾಟ್ (ತಿರುಗಿಸಿದರೆ ರೋಧ ಬದಲಾಗುವ ಭಾಗ) ಇಟ್ಟಿದ್ದೆ. ಧೂಳಿಗೆ ಕರಕರ ಎಂದಿತು. ಈಗ ಅಯಸ್ಕಾಂತದ ತುಣುಕು ಮತ್ತು ಅದರ ಕಾಂತಬಲ ಅಳೆಯುವ ಲೀನಿಯರ್ ಹಾಲ್ ಸೆನ್ಸರ್. ವೇಗ ಹೆಚ್ಚಿದಷ್ಟೂ ತಿರುವಿನ ಬಲ ಕಡಿಮೆಯಾಗಬೇಕು, ಮರೆಯಬೇಡಿ.

ನಡುವೆ ದಾರಿ ತಪ್ಪಿ ಮಾಡಿದ ಪ್ರಯೋಗಗಳೂ ಇವೆ. ಹಲಗೆಯ ಮೇಲೆ 20 ಲೀಟರಿನ ನೀರಿನ ಕ್ಯಾನ್ ಕಟ್ಟಿ, ಗಾಡಿ ತಾನೇ ನೀರು ತರುವಂತೆ ಮಾಡಲು ಹೋದೆ. ತುಂಬಿದ ಕ್ಯಾನ್ ಮರ್ಯಾದೆಯಿಂದ ಬಂತು, ಖಾಲಿಯೂ ಬಂತು. ಅರ್ಧ ತುಂಬಿದ್ದು ಮಾತ್ರ ಒಳಗೆ ತುಳುಕಿ, ಗಾಡಿ ಅದನ್ನು ಸರಿಪಡಿಸಲು ಹಿಂದೆ ಮುಂದೆ ಓಡಿ, ನೀರು ಇನ್ನೂ ತುಳುಕಿ, ಕೊನೆಗೆ ಎರಡೂ ಮಗುಚಿದವು. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಪಟ್ಟಿ ಇಳಿಬಿಟ್ಟು ತುಳುಕಾಟ ತಗ್ಗಿಸಬಹುದು ಎಂಬ ಯೋಚನೆ ಇನ್ನೂ ತಲೆಯಲ್ಲಿದೆ. ಮನೆಯಾಕೆ ಕ್ಯಾನ್ ಕೊಡುತ್ತಿಲ್ಲ. ಇನ್ನೊಮ್ಮೆ, ಬ್ಯಾಟರಿ ಸತ್ತ ಹೋವರ್‌ಬೋರ್ಡು ಅಗ್ಗಕ್ಕೆ ಸಿಕ್ಕಿತೆಂದು ಅದರ 6.5 ಇಂಚಿನ, ಚಕ್ರದೊಳಗೇ ಕೂರುವ ಹಬ್ ಮೋಟಾರುಗಳನ್ನು ಹಾಕಿ ನೋಡಿದೆ. ಚೈನಿಲ್ಲ, ಗೇರಿಲ್ಲ, ಸಡಿಲವೇ ಇಲ್ಲ, ಟೈಲ್ಸಿನ ಮೇಲೆ ಬೆಣ್ಣೆ. ನಮ್ಮ ಬೀದಿಯ ಮೊದಲ ಗುಂಡಿಯಲ್ಲೇ ಸಿಕ್ಕಿಕೊಂಡಿತು. ಕಲ್ಯಾಣ ಮಂಟಪದೊಳಗೆ ಓಡಿಸುವವರು ಆ ದಾರಿ ಹಿಡಿಯಬಹುದು.

ಈಗ ದುಡ್ಡು. ಮೋಟಾರು ಎರಡಕ್ಕೆ ಆರು ಸಾವಿರದ ಹತ್ತಿರ. ಲೇತ್, ವೆಲ್ಡಿಂಗ್, ಶಾಫ್ಟ್, ಬೇರಿಂಗ್, ಗುಜರಿ ರಿಮ್ ಎಲ್ಲ ಸೇರಿ ಒಂಬತ್ತು. ಸೆಲ್ಲು, ಬಿಎಂಎಸ್, ಚಾರ್ಜರ್ ಆರು. ಈಗ ಗಾಡಿಯೊಳಗೆ ಜೀವಂತ ಇರುವ ಎಲೆಕ್ಟ್ರಾನಿಕ್ಸ್ ಮೂರು ಸಾವಿರ ಆಗಬಹುದು. ಸುಟ್ಟದ್ದು, ಸಿಡಿದದ್ದು, ಮೂಲೆಗೆ ಬಿದ್ದದ್ದು ಏಳು ಸಾವಿರಕ್ಕೆ ಕಡಿಮೆಯಿಲ್ಲ. ಅಂದಾಜು 31,000. ಮತ್ತೊಂದು ಕಟ್ಟಿದರೆ 22-23ರಲ್ಲಿ ಮುಗಿಸುತ್ತೇನೆ. ಒಂದು ಚಾರ್ಜಿಗೆ ಹತ್ತು-ಹನ್ನೆರಡು ಕಿಲೋಮೀಟರ್, ವೇಗ ಗಂಟೆಗೆ 8-9 ಕಿಲೋಮೀಟರಿಗೆ ಕಟ್ಟಿದ್ದೇನೆ. ಗೇರ್ ಲೆಕ್ಕದಲ್ಲಿ 12 ಬರುತ್ತದೆ, ಆದರೆ ಮೇಲೆ ಹೇಳಿದ 25 ಪಾಲನ್ನು ಮುಟ್ಟುವುದಿಲ್ಲ.

ರಸ್ತೆಗೆ ಒಯ್ಯುತ್ತೀರಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ನೋಂದಣಿ ಬೇಡದ ವಿದ್ಯುತ್ ವಾಹನಕ್ಕೆ ನಮ್ಮಲ್ಲಿರುವ ಮಿತಿ 250 ವಾಟ್ ಮತ್ತು ಗಂಟೆಗೆ 25 ಕಿಲೋಮೀಟರ್. ವೇಗದಲ್ಲಿ ನಾನು ಅದರ ಹತ್ತಿರವೂ ಇಲ್ಲ, ವಾಟ್‌ನಲ್ಲಿ ಎರಡು ಮೋಟಾರು ಸೇರಿ 500. ಹಾಗಾಗಿ ಅಂಗಡಿಯ ಅಂಗಳ, ಲೇಔಟಿನೊಳಗಿನ ಖಾಲಿ ಮೈದಾನ, ತೋಟದ ದಾರಿ, ಇಷ್ಟಕ್ಕೇ.

ತೋಟದಲ್ಲಿ ಒದ್ದೆ ಅಡಿಕೆ ಸಿಪ್ಪೆಯ ಮೇಲೆ ಒಂದು ಚಕ್ರ ಜಾರಿ ಗಾಡಿ ಗಿರ್ರನೆ ತಿರುಗುತ್ತದೆ, ಅದೊಂದು ಬಾಕಿ. ಎರಡೂ ಚಕ್ರಕ್ಕೆ ತಿರುಗುವಿಕೆ ಅಳೆಯುವ ಎನ್‌ಕೋಡರ್ ಹಾಕಿ ನೋಡಬೇಕು. ದೀಪಾವಳಿಯ ಹೊತ್ತಿಗೆ ಯುಪಿಎಸ್ ಕೆಲಸ ಕಡಿಮೆಯಾದರೆ ಬಿಚ್ಚುತ್ತೇನೆ.